ನಿನ್ನ ಏಳೋ, ನನ್ನ ಏಳೋ

"ಬೀಗ ಹಾಕು ಅಂದೆ! ಕಿವಿ ಕೇಳಿಸಲ್ವಾ?"

"ನನ್ನ ಮನೇಲಿ, ನನ್ನ ಡ್ರಾಯರಿಗೆ, ನಾನು ಬೀಗ ಹಾಕ್ಬೇಕಾ?"

"ಹೂಂ. ಹಾಕಿ ಕೀಲಿ ನನ್ನ ಕೈಗೆ ಕೊಡ್ಬೇಕು."

"ನೀನೇನು ನನ್ನ ಜೈಲರಾ?"

"ನಿನ್ನ ಹೆಂಡತಿ ಆಗೋಕೆ ಹೊರಟವಳು. ಎರಡೂ ಒಂದೇ ಕೆಲಸ ಅಂದ್ಕೋ."

ಬೇರೆ ದಿನವಾಗಿದ್ದರೆ ಆಲ್ಟನ್ ಈ ಮಾತಿಗೆ ನಕ್ಕುಬಿಡುತ್ತಿದ್ದ. ಇವತ್ತು ನಗಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ, ಹೆಚ್ಚಿಟ್ಟ ಈರುಳ್ಳಿಯ ಪಕ್ಕ, ಹೊಸ ಪಿಸ್ತೂಲು ಬಿದ್ದಿತ್ತು. ಅದರೊಳಗಿನ ಗುಂಡುಗಳನ್ನು ವರ್ನಾ ಆಗಲೇ ಹೊರಗೆ ತೆಗೆದು ಉಪ್ಪಿನ ಬಟ್ಟಲಿನ ಹತ್ತಿರ ಇಟ್ಟಿದ್ದಳು. ಬಂದೂಕು ಅವಳಿಗೇನೂ ಹೊಸದಲ್ಲ. ಅಪ್ಪ ಬಿಟ್ಟುಹೋದ ರೈಫಲ್ಲಿನಲ್ಲಿ ಜಿಂಕೆ ಹೊಡೆದು, ಸುಲಿದು, ಚಳಿಗಾಲಕ್ಕೆ ಮಾಂಸ ತುಂಬಿಡುವ ಹೆಂಗಸು ಅವಳು.

"ಕನ್ನಡಕ ತಂದುಕೊಡು, ಹಾಸಿಗೆ ಪಕ್ಕದ ಡ್ರಾಯರಿನಲ್ಲಿದೆ" ಎಂದು ಆಲ್ಟನ್ನೇ ಕಳಿಸಿದ್ದ. ಮುಚ್ಚಿಡುವ ಯೋಚನೆಯೇ ಅವನಿಗಿರಲಿಲ್ಲ. ಕನ್ನಡಕದ ಕೆಳಗೆ ಅದು ಮಲಗಿತ್ತು.

"ಯಾವಾಗ ತಂದೆ?"

"ಮಂಗಳವಾರ."

"ಎಷ್ಟು ಹೊತ್ತು ಹಿಡೀತು?"

"ಏನು ಎಷ್ಟು ಹೊತ್ತು? ಡ್ರೈವಿಂಗ್ ಲೈಸೆನ್ಸ್ ತೋರಿಸ್ದೆ, ಏನೋ ಬರೆಸ್ಕೊಂಡ್ರು, ಫೋನ್ ಮಾಡಿ ವಿಚಾರಿಸಿದ್ರು, ಕೊಟ್ರು. ಅಂಗಡಿಯವನು ಕೊಟ್ಟ ಕಾಫಿ ಕುಡಿದು ಮುಗಿಸೋದ್ರೊಳಗೆ ಆಯ್ತು."

"ಕಾಫಿ ಕುಡಿಯೋದ್ರೊಳಗೆ!" ವರ್ನಾ ಚಾಕುವನ್ನು ಹಲಗೆಯ ಮೇಲೆ ಕುಕ್ಕಿದಳು. "ನಮ್ಮ ಕಡೆ ಪಿಸ್ತೂಲನ್ನ ಈಗ ಮಾರೋ ಹಾಗೇ ಇಲ್ಲ. ಅಪ್ಪನ ರೈಫಲ್ ನನ್ನ ಹೆಸರಿಗೆ ಬರೋಕೆ ನಾನು ಮಕ್ಕಳ ಹಾಗೆ ಪಾಠಕ್ಕೆ ಕೂತು ಪರೀಕ್ಷೆ ಬರೆದೆ. ತಿಂಗಳುಗಟ್ಟಲೆ ಕಾದೆ."

ಆ ಕಥೆ ಅವನಿಗೆ ಬಾಯಿಪಾಠವಾಗಿತ್ತು. ಅವಳನ್ನು ಬಿಟ್ಟುಹೋದ ಗಂಡನಿಗೂ ಅಧಿಕಾರಿಗಳು ಫೋನ್ ಮಾಡಿ, ಇವಳ ಕೈಗೆ ಬಂದೂಕು ಕೊಡಬಹುದೇ ಎಂದು ಕೇಳಿದ್ದರಂತೆ. "ಬಂದೂಕು ಧಾರಾಳವಾಗಿ ಕೊಡಿ, ಅವಳ ಬಾಯಿಗೆ ಮಾತ್ರ ಒಂದು ಬೀಗ ಹಾಕಿ" ಅಂದನಂತೆ ಅವನು. ಈ ಮಾತು ಹೇಳಿಸಿಕೊಂಡು ಆಲ್ಟನ್ ಎಷ್ಟೋ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಒಲೆಯೊಳಗೆ ಬೆಲ್ಲದ ಪಾಕ ಹಾಕಿದ ಬೀನ್ಸ್ ಕಾಳು ಬೇಯುತ್ತಿತ್ತು. ಶನಿವಾರದ ಊಟ. ನದಿಯ ಎರಡೂ ದಡದಲ್ಲಿ ಶನಿವಾರ ಅದೇ ಊಟ, ಅದೇ ಕಂದು ಬ್ರೆಡ್ಡು. ಚರ್ಚು ಅದೇ, ಚಳಿ ಅದೇ, ಅಜ್ಜಿಯಂದಿರು ಬೈಯುವ ಬೈಗಳೂ ಅವೇ. ನಡುವೆ ಸೇಂಟ್ ಕ್ರಾಯ್ ನದಿ, ಅದರ ಮೇಲೊಂದು ಸೇತುವೆ. ಈಚೆ ಅಮೆರಿಕದ ಕ್ಯಾಲಸ್, ಅವನ ಊರು; ಆಚೆ ಕೆನಡಾದ ಸೇಂಟ್ ಸ್ಟೀಫನ್, ಅವಳ ಊರು. ಗಡಿಯಾರ ಮತ್ತು ಬಂದೂಕು, ಈ ಎರಡು ವಿಷಯದಲ್ಲಿ ಮಾತ್ರ ಎರಡು ದಡಕ್ಕೆ ತಾಳಮೇಳವಿಲ್ಲ.

ಅವರಿಬ್ಬರು ಸಿಕ್ಕಿದ್ದೂ ಬಂದೂಕಿನಿಂದಲೇ.

ಸೇತುವೆಗೆ ಮುಂಚೆ ಕ್ಯಾಲಸ್ಸಿನ ಕೊನೆಯ ಪೆಟ್ರೋಲ್ ಬಂಕು ಥೆಲ್ಮಾ ಎಂಬ ಮುದುಕಿಯದು. ಸೇಂಟ್ ಸ್ಟೀಫನ್ನಿನವರು ಅಗ್ಗದ ಪೆಟ್ರೋಲಿಗೆಂದು ಅಲ್ಲಿಗೆ ಬರುತ್ತಾರೆ. ವರ್ನಾ ಕೂಡ ಹಾಗೇ ಬಂದಿದ್ದಳು. ಕಣ್ಣು ನೀಲಿ, ಕೈಯೆಲ್ಲ ದೋಣಿ ಎಂಜಿನ್ನಿನ ಜಿಡ್ಡು, ಹೀಗೊಬ್ಬ ಎತ್ತರದ ಗಂಡಸು ಒಳಗೆ ಬಂದ. ಸೊಂಟದಿಂದ ಪಿಸ್ತೂಲು ತೆಗೆದ. ಥೆಲ್ಮಾ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಹಳೆಯ ತಗಡಿನ ಬ್ರೆಡ್ ಡಬ್ಬಿ ಎತ್ತಿಕೊಟ್ಟಳು. ಕೊಡೆ ಬಿಟ್ಟುಹೋಗುವ ಹಾಗೆ ಅವನು ಪಿಸ್ತೂಲನ್ನು ಅದರೊಳಗಿಟ್ಟ. ಅದರಲ್ಲಿ ಆಗಲೇ ಇನ್ನೆರಡು ಇದ್ದವು. ಕೆನಡಾದೊಳಗೆ ಪಿಸ್ತೂಲು ಒಯ್ಯುವಂತಿಲ್ಲ. ಸೇತುವೆ ದಾಟುವ ಕ್ಯಾಲಸ್ಸಿನ ಗಂಡಸರೆಲ್ಲ ಹಾಗೇ, ಹೋಗುವಾಗ ಡಬ್ಬಿಗೆ ಹಾಕುವುದು, ಬರುವಾಗ ಎತ್ತಿಕೊಳ್ಳುವುದು.

"ಏನಯ್ಯಾ, ಬ್ರೆಡ್ಡು ಸುಡೋಕೆ ತಂದ್ಯಾ?" ವರ್ನಾ ಕೇಳಿದ್ದಳು.

ಅವನು ಕನ್ನಡಕದ ಮೇಲಿನಿಂದ ನೋಡಿದ. ಮೊದಲು ಅವಳ ಬೂಟು, ಆಮೇಲೆ ಅವಳ ಕೈಯಲ್ಲಿದ್ದ ಹಾಲಿನ ಡಬ್ಬ, ಕೊನೆಗೆ ಮುಖ. ನೋಟ ಅಲ್ಲೇ ನಿಂತಿತು.

"ಆ ದಡದವರಾ?"

"ಹೇಗೆ ಗೊತ್ತಾಯ್ತು?"

"ಈ ದಡದವರು ನನ್ನ ಇಷ್ಟು ಜೋರಾಗಿ ಬೈಯಲ್ಲ. ಎಲ್ರ ಸೊಂಟದಲ್ಲೂ ಒಂದೊಂದು ಇರುತ್ತಲ್ಲ, ಮರ್ಯಾದೆಯಿಂದ ಇರ್ತೀವಿ."

ವರ್ನಾ ನಗಬಾರದೆಂದುಕೊಂಡೇ ನಕ್ಕಳು. ಆ ವಾರ ಅವನು ಸೇಂಟ್ ಸ್ಟೀಫನ್ನಿನ ಹೋಟೆಲಿಗೆ ಊಟಕ್ಕೆ ಬರುತ್ತೇನೆಂದ. ಏಳು ಗಂಟೆ ಎಂದರು ಇಬ್ಬರೂ. ಅವಳು ತುಟಿಗೆ ಬಣ್ಣ ಹಚ್ಚಿಕೊಂಡು ಒಂದು ಗಂಟೆ ಕಾದು, ಕೋಪದಲ್ಲಿ ಒರೆಸಿಕೊಂಡು, ಎದ್ದು ಹೊರಡುವ ಹೊತ್ತಿಗೆ ಅವನು ಹೂವು ಹಿಡಿದು, ಎಲ್ಲರಿಗಿಂತ ಮೊದಲು ಬಂದವನ ಗತ್ತಿನಲ್ಲಿ ಒಳಗೆ ಬಂದ. ಕ್ಯಾಲಸ್ಸಿನ ಗಡಿಯಾರ ಒಂದು ಗಂಟೆ ಹಿಂದೆ. ನದಿ ದಡದಲ್ಲೇ ಹುಟ್ಟಿ ಬೆಳೆದ ಇಬ್ಬರಿಗೂ ಆ ಸಂಜೆ ಅದು ಮರೆತೇ ಹೋಗಿತ್ತು.

ಅಂದಿನಿಂದ ಫೋನಿನಲ್ಲಿ ಅವರ ಮೊದಲ ಮಾತು ಅದೇ.

"ನಿನ್ನ ಏಳೋ, ನನ್ನ ಏಳೋ?"

"ಡ್ರೈವರಮ್ಮನ ಏಳು."

ವರ್ನಾ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಅದಕ್ಕೇ ಡ್ರೈವರಮ್ಮ. ಸಂಜೆ ಅವನು ತನ್ನ ದಡದಲ್ಲಿ, ದೋಣಿ ಇಳಿಸುವ ಜಾಗಕ್ಕೆ ಟ್ರಕ್ಕು ತಂದು ನಿಲ್ಲಿಸಿ ದೀಪವನ್ನು ಎರಡು ಸಲ ಮಿಟುಕಿಸುತ್ತಿದ್ದ. ಅವಳು ಅಡುಗೆಮನೆಯ ದೀಪ ಆರಿಸಿ ಹಚ್ಚುತ್ತಿದ್ದಳು. ಐವತ್ತರ ಹತ್ತಿರ ಬಂದ ಇಬ್ಬರ ಈ ಆಟ ಕಂಡು ಅವಳ ಅಮ್ಮ, "ಕರೆಂಟ್ ಬಿಲ್ಲು ಅವನ ಹತ್ರಾನೇ ವಸೂಲಿ ಮಾಡು" ಎನ್ನುತ್ತಿದ್ದಳು.

ಆ ಅಮ್ಮನ ಎಂಬತ್ತನೆಯ ಹುಟ್ಟುಹಬ್ಬದ ದಿನವೇ ಎಲ್ಲ ಕೆಟ್ಟಿತು. ಅಂದು ಎಲ್ಲರೆದುರು ಮದುವೆಯ ಸುದ್ದಿ ಹೇಳುವುದೆಂದಿತ್ತು. ಆಲ್ಟನ್ ಬರಲಿಲ್ಲ. ಕೇಕು ಕಾಯುತ್ತಿತ್ತು, ಅಮ್ಮ ತೂಕಡಿಸುತ್ತಿದ್ದಳು. ವರ್ನಾ ಫೋನಿನಲ್ಲಿ ಕಿರುಚಿದಳು: "ಎಲ್ಲೂ ನಿಲ್ಬೇಡ! ನೆಟ್ಟಗೆ ಬಾ!"

ಅವನು ಎಲ್ಲೂ ನಿಲ್ಲಲಿಲ್ಲ. ಥೆಲ್ಮಾಳ ಬಂಕಿನಲ್ಲೂ ನಿಲ್ಲಲಿಲ್ಲ. ಸೇತುವೆಯಾಚೆ ಕಸ್ಟಮ್ಸಿನವರು ಆಯುಧ ಏನಾದರೂ ಇದೆಯೇ ಎಂದು ಕೇಳಿದಾಗ, ಪ್ರತಿಸಲ ಹೇಳುವ ಹಾಗೆ, ಇಲ್ಲ ಎಂದ. ಸೀಟಿನ ಕೆಳಗೆ ಅದು ಇತ್ತು. ಪಿಸ್ತೂಲು ಹೋಯಿತು, ಕೇಸು ಬಿತ್ತು, ಇನ್ನು ಈ ದಡಕ್ಕೆ ಕಾಲಿಡುವಂತಿಲ್ಲವೆಂದು ಹೇಳಿ ಟ್ರಕ್ಕನ್ನು ತಿರುಗಿಸಿ ಕಳಿಸಿದರು.

ಆಮೇಲೆ ಅವನು ಕೇಳಿದ್ದು ಒಂದೇ. "ನಾನು ಬರೋ ಹಾಗಿಲ್ಲ. ನೀನೇ ಬಾ. ಇಲ್ಲೇ ಮದುವೆಯಾಗಿ ಇಲ್ಲೇ ಇರೋಣ."

"ಮೈಕ್ರೋವೇವಿನಲ್ಲಿ ಚಹಾ ನೀರು ಕಾಯಿಸೋನ ಮನೇಲಿ ನಾನು ಬಾಳಲ್ಲ."

"ಹಾಗಾದ್ರೆ ನಿನ್ನ ಕೆಟಲ್ ತಗೊಂಡು ಬಾ. ಕೆಟಲ್ ಬಂದ ದಿನ ನೀನು ಬಂದೆ ಅಂತ ತಿಳ್ಕೋತೀನಿ."

ಇವತ್ತು ಅವಳ ಕಾರಿನ ಹಿಂದಿನ ಸೀಟಿನಲ್ಲಿ, ಟವೆಲ್ ಸುತ್ತಿಕೊಂಡು, ಆ ಕೆಟಲ್ ಕೂತಿತ್ತು. ಊಟವಾದ ಮೇಲೆ ತಂದು ಅವನ ಮುಂದೆ ಇಡಬೇಕೆಂದುಕೊಂಡಿದ್ದಳು. ಅವನ ಮುಖ ಹೇಗಾಗಬಹುದೆಂದು ಸೇತುವೆಯ ಉದ್ದಕ್ಕೂ ಊಹಿಸಿಕೊಂಡು ಬಂದಿದ್ದಳು.

"ನಿನಗೆ ಒಂದು ಚೂರು ಬುದ್ಧಿ ಇದ್ದಿದ್ರೆ," ಅವಳು ಈಗ ಹೇಳಿದಳು, "ಅವತ್ತು ಅದನ್ನ ಡಬ್ಬಿಗೆ ಹಾಕಿ ಬರ್ತಿದ್ದೆ. ನಮಗೆ ಈ ಗತಿ ಬರ್ತಿರಲಿಲ್ಲ."

ಆಲ್ಟನ್ ಅವಳನ್ನು ನೋಡಿದ. ಇಷ್ಟು ದಿನ ಬಾಯಿಗೆ ತಾರದ ಮಾತನ್ನು ಮೆಲ್ಲಗೆ ಆಡಿದ. "ನಿಲ್ಬೇಡ ಅಂದಿದ್ದು ಯಾರು ವರ್ನಾ?"

ಸುಳ್ಳಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ನಿಜವಾದ್ದರಿಂದ ಮೈ ಉರಿಯಿತು.

"ನಿನ್ನ ತಮ್ಮಾನೂ ಹೀಗೇ ಡ್ರಾಯರಿನಲ್ಲಿ ಇಟ್ಕೊಂಡಿದ್ದ! ಏನಾಯ್ತು? ಕೈಗೆ ಸಿಕ್ತು, ಮುಗೀತು. ನೀನೂ ಅದೇ ದಾರಿ ಹಿಡಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಲ್ಟನ್ ಕುರ್ಚಿ ಎಳೆದುಕೊಂಡು ಕುಳಿತ. "ಅವನು ಸತ್ತ ಮೇಲೆ ಪೊಲೀಸರು ಅದನ್ನ ನನಗೆ ವಾಪಸ್ ಕೊಟ್ರು. ತಿಂಡಿ ಕಟ್ಟಿಕೊಡೋ ಹಾಗೆ, ಕಾಗದದ ಚೀಲದಲ್ಲಿ ಹಾಕಿ. ಸೇತುವೇಲಿ ಹೋಯ್ತಲ್ಲ, ಅದೇ ಅದು. ರಾಯ್ಸ್‌ನದು."

ವರ್ನಾಳಿಗೆ ಇದು ಗೊತ್ತಿರಲಿಲ್ಲ.

"ನನ್ನ ಸೊಂಟದಲ್ಲಿದ್ರೆ ಇನ್ನೊಬ್ರ ಕೈಗೆ ಸಿಗಲ್ಲ ಅಂತ ಇಟ್ಕೊಂಡಿದ್ದೆ. ಅಷ್ಟೇ."

ಅವಳು ಅವನ ಹೆಗಲ ಮೇಲೆ ಕೈಯಿಟ್ಟಳು. ಕ್ಷಮಿಸು ಎನ್ನಬೇಕಿತ್ತು. ಆ ಪದ ಅವಳ ಬಾಯಲ್ಲಿ ಯಾವತ್ತೂ ಸಲೀಸಾಗಿ ಹೊರಳಿದ್ದಿಲ್ಲ.

"ಸರಿ. ಅದು ಹೋಯ್ತು," ಎಂದಳು. "ಇದು ಯಾಕೆ?"

"ಗೊತ್ತಿಲ್ಲ ಕಣೇ. ಸೊಂಟ ಖಾಲಿ ಆದಾಗ ಅವನು ಇನ್ನೊಂದು ಸಲ ಸತ್ತ ಹಾಗಾಯ್ತು. ನಿದ್ದೆ ಬರಲಿಲ್ಲ. ಹೋಗಿ ತಂದೆ."

ವರ್ನಾ ಅವನೆದುರು ಕುಳಿತಳು. ದನಿ ಇಳಿಸಿ ಮಾತಾಡುವುದು ಅವಳಿಗೆ ಬಸ್ಸನ್ನು ಹಿಂದಕ್ಕೆ ಓಡಿಸಿದಷ್ಟೇ ಕಷ್ಟ. ಆದರೂ ಇಳಿಸಿದಳು.

"ನಾನು ಚಿಕ್ಕವಳಿದ್ದಾಗ ಒಂದು ಚಳಿಗಾಲ ಅಪ್ಪನಿಗೆ ಕೆಲಸ ಹೋಯ್ತು. ಒಂದು ಮಧ್ಯಾಹ್ನ ಎದ್ದು ಬಂದೂಕಿನ ಬೀರು ಹತ್ರ ಹೋದ. ಬೀಗ ಹಾಕಿತ್ತು. ಅಮ್ಮ ಕೀಲೀನ ಹಿಟ್ಟಿನ ಡಬ್ಬೀಲಿ ಹೂತಿಟ್ಟಿದ್ಲು. ಅವನು ಮನೆಯೆಲ್ಲ ಹುಡುಕಿದ. ಹುಡುಕಿ ಹುಡುಕಿ ಸುಸ್ತಾಗಿ ಮೆಟ್ಟಿಲ ಮೇಲೆ ಕೂತು, ಹಸಿವಾಗ್ತಿದೆ ಅಂದ. ಅಮ್ಮ ಅದೇ ಹಿಟ್ಟಿನಲ್ಲಿ ಬ್ರೆಡ್ ಮಾಡಿ ಕೊಟ್ಲು. ಆಮೇಲೆ ಅಪ್ಪ ನನ್ನ ಮದುವೆ ನೋಡಿದ, ಆ ಮದುವೆ ಮುರಿದಿದ್ದೂ ನೋಡಿದ, ನನ್ನ ಜೊತೆ ಕೂತು ಆ ಗಂಡನ್ನ ಬೈದ. ಮುದುಕನಾಗಿ ಹಾಸಿಗೇಲಿ ಸತ್ತ." ಅವಳು ಉಸಿರೆಳೆದುಕೊಂಡಳು. "ನಿಮ್ಮ ಕಾನೂನು ಚುರುಕು. ನಮ್ಮದು ಸೋಮಾರಿ, ಎಲ್ಲಾದಕ್ಕೂ ಕಾಯಿಸುತ್ತೆ. ಆ ಕಾಯೋ ಹೊತ್ತಲ್ಲೇ ನಮ್ಮಪ್ಪ ಬದುಕಿದ. ನಾನು ಬಿಸಾಕು ಅಂತಿಲ್ಲ ಆಲ್ಟನ್. ಬೀಗ ಹಾಕು. ಕೀಲಿ ನನಗೆ ಕೊಡು."

ಅವನ ಕೈ ಮೇಜಿನ ಮೇಲೆ ಅವಳ ಕೈಯ ಕಡೆ ಬಂತು. ಬೆರಳ ಸಂದಿಯ ಜಿಡ್ಡು, ಹಳೆಯ ಗಾಯದ ಗುರುತು, ಎಲ್ಲ ಅವಳಿಗೆ ಪರಿಚಯವಿದ್ದವು. ಇನ್ನೇನು ಮುಟ್ಟಬೇಕು, ಅಲ್ಲಿಗೇ ಆ ಕೈ ನಿಂತಿತು.

"ನಿನ್ನ ರೈಫಲ್ ಬೀಗ ತೆಗೆದು ಹೊರಗೆ ಬರೋ ಹೊತ್ತಿಗೆ ಜಿಂಕೆ ಮೊಮ್ಮಕ್ಕಳನ್ನ ಕಂಡಿರುತ್ತೆ ಅಂತ ತಮಾಷೆ ಮಾಡ್ತಿದ್ದೆ," ಎಂದ. "ಆದ್ರೆ ಜಿಂಕೆ ಬೇರೆ, ನಾನು ಬೇರೆ. ನಾನು ನಿಮ್ಮಪ್ಪ ಅಲ್ಲ. ರಾಯ್ಸೂ ಅಲ್ಲ. ನಿನಗೆ ನನ್ನ ಮೇಲೆ ನಂಬಿಕೆ ಇಲ್ವಾ?"

ಇದೆ ಎಂದು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಬೇರೆ ಹೆಂಗಸಾಗಿದ್ದರೆ ಇರುತ್ತಿದ್ದಳು.

"ನಿನ್ನ ಮೇಲೆ ಇದೆ," ಎಂದಳು ವರ್ನಾ. "ನಿನ್ನ ನವೆಂಬರ್ ಮೇಲೆ ಇಲ್ಲ."

ರಾಯ್ಸ್ ಸತ್ತದ್ದು ನವೆಂಬರಿನಲ್ಲಿ. ಪ್ರತಿ ವರ್ಷ ಆ ತಿಂಗಳು ಆಲ್ಟನ್ ಮಾತು ಬಿಡುತ್ತಿದ್ದ, ಊಟ ಬಿಡುತ್ತಿದ್ದ, ಎಂಜಿನ್ನುಗಳನ್ನು ಬಿಚ್ಚಿ ಹಾಗೇ ಬಿಟ್ಟುಬಿಡುತ್ತಿದ್ದ. ಹೊರಗೆ ಈಗಲೂ ನವೆಂಬರೇ ಇತ್ತು.

ಅವನು ಎದ್ದ. ಗುಂಡುಗಳನ್ನು ಒಂದೊಂದಾಗಿ ತುಂಬಿದ. ಪಿಸ್ತೂಲು ತೆಗೆದುಕೊಂಡು ಮಲಗುವ ಕೋಣೆಗೆ ಹೋದ. ಡ್ರಾಯರು ಎಳೆದ ಸದ್ದು, ಮುಚ್ಚಿದ ಸದ್ದು. ವರ್ನಾ ಕಿವಿಗೊಟ್ಟು ಕಾದಳು. ಕೀಲಿ ತಿರುಗಿದ ಸದ್ದು ಬರಲಿಲ್ಲ.

ಅವಳು ಒಲೆ ಆರಿಸಿದಳು. ಕೋಟು ಹಾಕಿಕೊಂಡಳು.

"ಊಟ?" ಅವನು ಬಾಗಿಲಿಗೆ ಬಂದು ಕೇಳಿದ.

"ಕಾಳು ಬೆಂದಿದೆ. ಬಿಸಿ ಇರುವಾಗಲೇ ತಿನ್ನು."

"ವರ್ನಾ, ಹೀಗೆ ಹೋಗ್ಬೇಡ. ಇನ್ನೊಂದು ಶನಿವಾರ ಕೂತು ಮಾತಾಡೋಣ."

ಅವಳು ಕಾರಿನ ಹತ್ತಿರ ಹೋಗಿದ್ದಳು. ಅವನು ಹಿಂದೆಯೇ ಬಂದ. ಕಾರಿನ ಗಾಜಿನೊಳಗೆ ಕಣ್ಣು ಹೋಯಿತು. ಟವೆಲ್ಲು ಸರಿದು ಕೆಟಲಿನ ಮೂತಿ ಹೊರಗೆ ಬಂದಿತ್ತು. ಆಲ್ಟನ್ ಗಾಜಿಗೆ ಅಂಗೈ ಒತ್ತಿ ನಿಂತ, ಒಳಗಿರುವುದು ಉಸಿರಾಡುವ ಜೀವವೇನೋ ಎಂಬಂತೆ.

"ತಂದಿದ್ದೆಯಾ?"

ಅವಳು ಕಾರು ಹೊರಡಿಸಿದಳು. ಬಾಯಿ ತೆರೆದರೆ ಅಳು ಬರುತ್ತಿತ್ತು. ಅಳು ತೋರಿಸುವ ಪೈಕಿ ಅವಳಲ್ಲ.

ಕನ್ನಡಿಯಲ್ಲಿ ಟ್ರಕ್ಕು ಹಿಂದೆಯೇ ಬರುತ್ತಿರುವುದು ಕಂಡಿತು. ಥೆಲ್ಮಾಳ ಬಂಕು ದಾಟಿತು. ಸೇತುವೆಯ ಬುಡದಲ್ಲಿ, ಅವನು ಬರಬಹುದಾದ ಕೊನೆಯ ಜಾಗದಲ್ಲಿ, ನಿಂತಿತು. ಮಬ್ಬು ಬೆಳಕಿನಲ್ಲಿ ದೀಪ ಎರಡು ಸಲ ಮಿಟುಕಿತು. ಅವಳು ಬ್ರೇಕಿನ ಮೇಲೆ ಕಾಲಿಟ್ಟಳು. ಹಿಂದಿನವನು ಹಾರನ್ ಹೊಡೆದ. ಕಾಲು ತೆಗೆದಳು.

ಆಚೆ ದಡದ ಕಸ್ಟಮ್ಸ್ ಕಿಟಕಿಯಲ್ಲಿ ಕೋರಿ ಕುಳಿತಿದ್ದ. ಚಿಕ್ಕವನಿದ್ದಾಗ ಅವಳ ಬಸ್ಸಿನಲ್ಲೇ ಶಾಲೆಗೆ ಹೋದವನು, ಈಗ ಮೀಸೆ ಬಿಟ್ಟ ಅಧಿಕಾರಿ.

"ಮಿಸ್ ವರ್ನಾ, ಇಷ್ಟು ಬೇಗ ವಾಪಸ್ಸಾ? ಏನಾದ್ರೂ ತಂದ್ರಾ?"

"ಕೆಟಲ್ ಇದೆ."

"ಅಲ್ಲಿ ಕೊಂಡಿದ್ದಾ?"

"ಅಲ್ಲ ಕಣೋ, ನನ್ನದೇ. ಬೆಳಿಗ್ಗೆ ತಗೊಂಡು ಹೋಗಿದ್ದೆ."

ಕೋರಿಗೆ ಅರ್ಥವಾಗಲಿಲ್ಲ. ಆದರೂ ಎಲ್ಲರಿಗೂ ಕೇಳುವುದನ್ನು ಕೇಳಿದ. "ಆಯುಧ ಏನಾದ್ರೂ ಇದೆಯಾ?"

"ನಾಲಿಗೆ ಒಂದಿದೆ," ಎಂದಳು ವರ್ನಾ.

ಅವನು ಜೋರಾಗಿ ನಕ್ಕು, ಹೋಗಿ ಎಂದು ಕೈ ಬೀಸಿದ.

ಕಾರಿನ ಗಡಿಯಾರ ಇನ್ನೂ ಅವನ ಗಂಟೆಯನ್ನೇ ತೋರಿಸುತ್ತಿತ್ತು. ವರ್ನಾ ಮನೆಯ ಮುಂದೆ ನಿಲ್ಲಿಸಿ ಅದನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದಳು. ಕೆಟಲನ್ನು ಎತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ಅವಳು ಪೆಟ್ರೋಲನ್ನು ಈ ದಡದಲ್ಲೇ ಹಾಕಿಸುತ್ತಾಳೆ. ದುಬಾರಿ.