ಅರ್ಧರ್ಧ ಇಂಚು

"ಅಯ್ಯೋ, ಶೂ ಮಾತ್ರ ಮುಟ್ಟಬೇಡಿ!"

ಅವನು ಕೂಗಿದ ರಭಸಕ್ಕೆ ಅವಳು ತುಟಿಗಳ ನಡುವೆ ಕಚ್ಚಿ ಹಿಡಿದಿದ್ದ ಗುಂಡುಸೂಜಿಗಳೆಲ್ಲ ನೆಲಕ್ಕೆ ಬಿದ್ದವು.

ಅವಳು ಮಂಡಿಯೂರಿ ಕೂತು ಅವನ ಹೊಸ ಪ್ಯಾಂಟಿನ ಉದ್ದ ನೋಡುತ್ತಿದ್ದಳು. ಮಡಚಿಕೊಂಡ ಅಂಚನ್ನು ಸರಿಮಾಡಲು ಶೂ ಹಿಮ್ಮಡಿಯತ್ತ ಕೈ ಚಾಚಿದ್ದೇ ತಡ, ಈ ಮನುಷ್ಯ ಕೆಂಡ ತುಳಿದವನಂತೆ ಹಾರಿದ್ದ.

'ಏನಪ್ಪಾ ಇವನು... ಶೂ ಒಳಗೆ ಚಿನ್ನ ಇಟ್ಕೊಂಡಿದ್ದಾನಾ?'

"ನಿಮ್ಮ ಶೂ ಕಿತ್ಕೊಂಡು ನಾನೇನೂ ಓಡಿಹೋಗಲ್ಲ ಸಾರ್," ಎಂದಳು ಮುಖ ಊದಿಸಿಕೊಂಡು.

"ತಪ್ಪಾಯ್ತು... ನನಗೆ ಕಚಗುಳಿ ಜಾಸ್ತಿ."

ಶೂ ಮುಟ್ಟಿದರೆ ಕಚಗುಳಿ! ಸುಳ್ಳು ಹೇಳುವುದಕ್ಕೂ ಒಂದು ಲಕ್ಷಣ ಬೇಡವೇ? ಆದರೆ ಅವನು ತಾನೂ ನೆಲಕ್ಕೆ ಕೂತು ಒಂದೊಂದೇ ಸೂಜಿ ಹೆಕ್ಕಿಕೊಟ್ಟ. ಕೊನೆಯದನ್ನು ಕೊಡುವಾಗ ಅವಳ ಕಣ್ಣನ್ನೇ ನೋಡಿ ನಕ್ಕ. ಅಷ್ಟಕ್ಕೇ ಅವಳ ಎದೆ ಡವಡವ ಎಂದಿತು. ಏನು ಮಾಡುವುದು, ಎದೆಗೆ ಬುದ್ಧಿ ಎಲ್ಲಿರುತ್ತದೆ!

ಅದು ಅವಳ ಸೋದರತ್ತೆಯ ಹೊಲಿಗೆ ಅಂಗಡಿ. ಸದಾ ಬಾಯಲ್ಲಿ ಸೂಜಿ, ಮಾತಾಡಿದರೂ ಸೂಜಿ. ಹಾಗಾಗಿ ಅಂಗಡಿಯವರಿಗೆಲ್ಲ ಅವಳು 'ಗುಂಡುಸೂಜಿ'. ಐದು ವರ್ಷ ಗುಂಡಿ ಹಚ್ಚಿ, ಕಾಜಾ ಹೊಲಿದು ಬೆರಳು ಸವೆಸಿದ ಮೇಲೆ ಈಗಷ್ಟೇ ಅವಳ ಕೊರಳಿಗೆ ಅಳತೆಯ ಟೇಪು ಬಂದಿತ್ತು.

"ನೋಡು ಗುಂಡುಸೂಜಿ," ಎಂದಿದ್ದರು ಅತ್ತೆ. "ಹೋಟೆಲಿನ ಅರವತ್ತು ಜನರ ಸಮವಸ್ತ್ರ ನಮಗೆ ಬರೋದಿದೆ. ಅಲ್ಲೀವರೆಗೂ ಒಂದು ಅಳತೇನೂ ತಪ್ಪದೇ ಇದ್ರೆ ಕಟಿಂಗ್ ಟೇಬಲ್ ನಿಂದು. ತಪ್ಪಿದ್ರೆ ಹೊರಗಿಂದ ಕಟಿಂಗ್ ಮಾಸ್ಟರನ್ನ ಕರೆಸ್ತೀನಿ. ಸೊಸೆ ಅಂತ ಮುಖ ನೋಡಲ್ಲ."

ಆ ಟೇಬಲ್ಲಿನ ಮುಂದೆ ಕತ್ತರಿ ಹಿಡಿದು ನಿಲ್ಲುವುದು ಬಿಟ್ಟರೆ ಅವಳಿಗೆ ಬೇರೆ ಕನಸೇ ಇರಲಿಲ್ಲ.

ಹದಿನೈದು ದಿನಕ್ಕೆ ಅವನು ಮತ್ತೆ ಬಂದ. ಎದುರು ಸಾಲಿನ ಕನ್ನಡಕದ ಅಂಗಡಿಯಲ್ಲಿ ಕೆಲಸ ಅವನಿಗೆ. ಒಳ್ಳೆಯ ಎತ್ತರದ ಆಳು.

"ಸ್ವಲ್ಪ ಉದ್ದ ಆಗಿದೆ... ಅರ್ಧ ಇಂಚು ಮಡಚಿ ಕೊಡ್ತೀರಾ?"

ಅವಳು ಅಳೆದಳು. ಅಂಗಡಿಯ ಪದ್ಧತಿಯಂತೆ ಶೂ ಸಮೇತ, ಸೊಂಟದಿಂದ ಹಿಮ್ಮಡಿಯವರೆಗೆ. ಹೋದ ಸಲ ನಲವತ್ತು, ಈಗ ಮೂವತ್ತೊಂಬತ್ತೂವರೆ! ಕೈ ತಪ್ಪಿತೇನೋ ಎಂದುಕೊಂಡು ಹೊಲಿದುಕೊಟ್ಟಳು.

ಇನ್ನೊಂದು ಹದಿನೈದು ದಿನಕ್ಕೆ ಮತ್ತೆ ಅದೇ ಪ್ಯಾಂಟು. ಮತ್ತೆ ಅರ್ಧ ಇಂಚು.

'ಇದು ಅಳತೆ ತಪ್ಪಲ್ಲ... ಪ್ಯಾಂಟಿನ ನೆಪ, ನನ್ನನ್ನ ನೋಡೋ ಜಪ!'

ಹಾಗಂದುಕೊಂಡ ದಿನವೆಲ್ಲ ಅವಳ ಮುಖದಲ್ಲಿ ನಗು ಆರಲಿಲ್ಲ. ಅವನಿಗೆ ಕನ್ನಡಕದ ಕತೆಗಳು ಬೇಕಾದಷ್ಟು ಗೊತ್ತಿದ್ದವು. ಕನ್ನಡಕ ಕಳೆದುಹೋಯಿತೆಂದು ಬಂದವರ ತಲೆಯ ಮೇಲೇ ಕನ್ನಡಕವಿದ್ದದ್ದನ್ನು ಅವನು ಹೇಳಿದರೆ, ಅಂಗಡಿಯಲ್ಲಿ ಇಸ್ತ್ರಿ ಮಾಡುವ ತಾತ ಕೂಡ ಪೆಟ್ಟಿಗೆ ಕೆಳಗಿಟ್ಟು ನಗುತ್ತಿದ್ದರು.

ಅತ್ತೆ ಮಾತ್ರ ನಗಲಿಲ್ಲ. ಅಳತೆ ಪುಸ್ತಕದಲ್ಲಿ ಹೊಡೆದು ಬರೆದ ಅಂಕಿಗಳನ್ನು ಅವರು ಆಗಲೇ ನೋಡಿದ್ದರು.

ಮಡಚಿಸಲು ಮೂರನೆಯ ಸಲ ಅವನು ಬಂದದ್ದು ಶುಕ್ರವಾರ. ಈ ಸಲ ಅಳತೆ ಮೂವತ್ತೆಂಟೂವರೆ. ಅವತ್ತು ಅಂಗಡಿ ತುಂಬಾ ಜನ. ಅವನ ಯಜಮಾನರೂ ಕೋಟಿಗೆ ಅಳತೆ ಕೊಡಲು ಬಂದು ನಿಂತಿದ್ದರು.

"ಮತ್ತೆ ಅದೇ ಪ್ಯಾಂಟಾ?" ಅತ್ತೆಯ ದನಿ ಏರಿತು. "ಒಂದು ಪ್ಯಾಂಟಿಗೆ ಮೂರು ಸಲ ಅಳತೆ ತಪ್ಪೋದು ಅಂದ್ರೆ ಏನೇ?"

"ಅತ್ತೆ, ನನ್ನ ಅಳತೆ ಸರಿ ಇದೆ! ತಪ್ಪಾದ್ರೆ ಪ್ರತಿ ಸಲ ಲೆಕ್ಕ ಹಾಕಿದ ಹಾಗೆ ಅರ್ಧ ಇಂಚೇ ತಪ್ಪುತ್ತಾ?"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ!"

ಅವಳು ಅವನ ಕಡೆ ತಿರುಗಿದಳು.

"ನೀವೇ ಹೇಳಿ... ಇಲ್ಲಿಂದ ತಗೊಂಡು ಹೋದ ದಿನ ಉದ್ದ ಸರಿ ಇತ್ತಲ್ವಾ? ನೀವೇ ಕನ್ನಡಿ ಮುಂದೆ ನಿಂತು ನೋಡಿದ್ರಲ್ವಾ?"

ಅವನು ಯಜಮಾನರನ್ನು ನೋಡಿದ. ಜನರನ್ನು ನೋಡಿದ. ಆಮೇಲೆ ತನ್ನ ಶೂಗಳನ್ನು ನೋಡಿಕೊಂಡ.

"ಸ್ವಲ್ಪ... ಉದ್ದ ಇತ್ತೇನೋ..."

ಅಷ್ಟೇ! ಅತ್ತೆ ಅವಳ ಕೊರಳಿನಿಂದ ಟೇಪು ತೆಗೆದು ತಮ್ಮ ಕೊರಳಿಗೆ ಹಾಕಿಕೊಂಡರು.

"ಗುಂಡಿ ಡಬ್ಬಿ ಅಲ್ಲಿದೆ, ಹೋಗಿ ಕೂತ್ಕೋ. ಈ ಪ್ಯಾಂಟನ್ನ ನಾನೇ ಮಡಚಿ ಕೊಡ್ತೀನಿ. ನಾಳೆ ಸಂಜೆ ಕಟಿಂಗ್ ಮಾಸ್ಟರಿಗೆ ಹೇಳಿಕಳಿಸ್ತೀನಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳು ಮೂಲೆಯಲ್ಲಿ ಕೂತು ಸೂಜಿಗೆ ದಾರ ಪೋಣಿಸಲು ನೋಡಿದಳು. ಕಣ್ಣು ಮಂಜಾಗಿ ದಾರ ಒಳಗೆ ಹೋಗಲೇ ಇಲ್ಲ. ಟೇಬಲ್ ಹೋದ ಸಂಕಟ ಒಂದು ಕಡೆ... ಇವನ ಬಾಯಿಂದಲೇ ಹೋಯಿತಲ್ಲಾ ಎಂಬ ಸಂಕಟ ಅದಕ್ಕಿಂತ ಹೆಚ್ಚು.

'ನನ್ನನ್ನ ನೋಡೋಕೆ ಬರ್ತಾನೆ ಅಂದ್ಕೊಂಡೆನಲ್ಲಾ... ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.'

ಮರುದಿನ ಮಧ್ಯಾಹ್ನ ಅವನ ಯಜಮಾನರು ಕೋಟಿನ ಟ್ರಯಲ್‌ಗೆ ಬಂದರು. ಒಂದೇ ತೋಳಿನ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಿದ್ದಾಗ ಬಾಗಿಲು ತಳ್ಳಿಕೊಂಡು ಅವನು ಬಂದ. ಮುಖ ಬಿಳಿಚಿಕೊಂಡಿತ್ತು, ಕೈಯಲ್ಲಿ ಒಂದು ಚೀಲ. ಅವಳು ತಲೆ ಎತ್ತಲಿಲ್ಲ.

"ಅಮ್ಮಾ, ಅಳತೆ ತಪ್ಪಿದ್ದು ಇವರದ್ದಲ್ಲ. ನಂದು."

"ನಿನ್ನೆ ಹೇಳಿದ್ದು?" ಎಂದರು ಅತ್ತೆ.

"ಸುಳ್ಳು."

ಅವನು ಸ್ಟೂಲಿನ ಮೇಲೆ ಕೂತು ಶೂ ಬಿಚ್ಚಿದ. ಒಳಗೆ ಕೈ ಹಾಕಿ, ಹಿಮ್ಮಡಿಯಡಿ ಇಡುವ ದಪ್ಪನೆಯ ಎರಡು ರಬ್ಬರ್ ಪದರ ಎಳೆದು ಟೇಬಲ್ಲಿನ ಮೇಲಿಟ್ಟ. ಚೀಲದಿಂದ ಅಂಥವೇ ಇನ್ನೂ ಮೂರು ತೆಗೆದ. ಇನ್ನೊಂದು ಕಾಲಿನದ್ದೂ ಹಾಗೆಯೇ. ಇಸ್ತ್ರಿ ತಾತ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

"ನಾನು ಎತ್ತರ ಇಲ್ಲ. ಎರಡೂವರೆ ಇಂಚು ಈ ಪದರಗಳದ್ದು. ಕೆಲಸಕ್ಕೆ ಸೇರೋ ದಿನ ಹಾಕ್ಕೊಂಡೆ, ಆಮೇಲೆ ತೆಗೆಯೋಕೆ ಧೈರ್ಯ ಬರ್ಲಿಲ್ಲ. ಈಗ ಹದಿನೈದು ದಿನಕ್ಕೊಂದು ತೆಗೀತಾ ಬಂದೆ. ಕಾಲು ಕೆಳಗಿಳಿದ ಹಾಗೆಲ್ಲ ಪ್ಯಾಂಟು ನೆಲಕ್ಕೆ ಎಳೀತಿತ್ತು. ಇವರು ಪ್ರತಿ ಸಲ ಸರಿಯಾಗೇ ಅಳೆದಿದ್ದಾರೆ. ನಾನೇ ಗಿಡ್ಡ ಆಗ್ತಾ ಇದ್ದೆ."

ಮೊದಲು ಬಾಯಿ ಬಿಟ್ಟವರು ಯಜಮಾನರೇ.

"ಅಯ್ಯೋ ಮಾರಾಯ! ಮೇಲಿನ ಶೆಲ್ಫಿನ ಡಬ್ಬಿಗೆಲ್ಲ ನಿನ್ನನ್ನೇ ಕರೀತಿದ್ದೆನಲ್ಲೋ! ಇನ್ಮೇಲೆ ಏಣಿ ತರಿಸಬೇಕಾ?"

"ಇರಲಿ ಬಿಡಿ," ಎಂದರು ಇಸ್ತ್ರಿ ತಾತ. "ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು."

ಎಲ್ಲರೂ ನಕ್ಕರು. ಅವನ ಕಿವಿ ಕೆಂಪಾಯಿತು, ಆದರೂ ತಲೆ ತಗ್ಗಿಸಲಿಲ್ಲ.

ಅತ್ತೆ ಅಳತೆ ಪುಸ್ತಕ ತೆರೆದರು. ನಲವತ್ತು, ಮೂವತ್ತೊಂಬತ್ತೂವರೆ, ಮೂವತ್ತೊಂಬತ್ತು, ಮೂವತ್ತೆಂಟೂವರೆ. ಒಂದು ಪದರವನ್ನು ಟೇಪಿಗೆ ಹಿಡಿದು ನೋಡಿದರು. ಸರಿಯಾಗಿ ಅರ್ಧ ಇಂಚು! ಅವರು ಮೂಲೆಗೆ ನಡೆದು ಬಂದು ಟೇಪನ್ನು ಮತ್ತೆ ಅವಳ ಕೊರಳಿಗೆ ಹಾಕಿದರು.

"ಸೋಮವಾರ ಬಟ್ಟೆ ಬರುತ್ತೆ. ಕತ್ತರಿಗೆ ಸಾಣೆ ಹಿಡಿಸಿಟ್ಕೋ," ಎಂದವರು ಸ್ವಲ್ಪ ತಡೆದು, "ನಿನ್ನೆ ನಾನು ದುಡುಕಿಬಿಟ್ಟೆ ಕಣೇ," ಎಂದರು.

ಅವಳಿಗೆ ಅಳು ಒತ್ತರಿಸಿ ಬಂತು. ಎದ್ದು ಬಾಗಿಲ ಹೊರಗೆ ಹೋಗಿ ನಿಂತಳು. ಅವನೂ ಹಿಂದೆಯೇ ಬಂದ. ಪದರಗಳಿಲ್ಲದೆ ನಿಂತಾಗ ಮೊದಲ ಸಲ ಅವನ ಕಣ್ಣು ಅವಳ ಕಣ್ಣಿಗೆ ನೇರವಾಗಿತ್ತು.

"ನಿನ್ನೆ ಯಾಕೆ ಹೇಳ್ಲಿಲ್ಲ?" ಎಂದಳು ಅವಳು. "ನಿಮ್ಮ ಎರಡೂವರೆ ಇಂಚಿಗೋಸ್ಕರ ನನ್ನ ಐದು ವರ್ಷ ಹೋಗ್ತಿತ್ತು... ಗೊತ್ತಾ?"

"ಗೊತ್ತು. ಹೆದರಿದೆ. ಮನೆಗೆ ಹೋಗಿ ಊಟ ಸೇರ್ಲಿಲ್ಲ. ನೀವು ಕ್ಷಮಿಸದೇ ಇದ್ರೂ ಸರಿ, ನಿಮ್ಮ ಟೇಪು ನಿಮ್ಮ ಕೊರಳಲ್ಲಿ ಇರಬೇಕು ಅನ್ನಿಸ್ತು."

"ಇಷ್ಟು ದಿನ ಇಲ್ಲದ್ದು, ಈಗ್ಯಾಕೆ ಇಳಿಯೋಕೆ ಶುರು ಮಾಡಿದ್ರಿ?"

"ಸೂಜಿ ಬಿದ್ದ ದಿನ ನಿಮ್ಮ ಹತ್ರ ಕಚಗುಳಿ ಅಂತ ಸುಳ್ಳು ಹೇಳಿದೆ. ನೀವು ನಂಬಲಿಲ್ಲ, ಆದ್ರೂ ಕೆದಕಲಿಲ್ಲ. ನಿಮ್ಮ ಎದುರು ಇನ್ನು ಸುಳ್ಳು ಎತ್ತರದಲ್ಲಿ ನಿಲ್ಲಬಾರದು ಅನ್ನಿಸ್ತು... ನಿಮ್ಮನ್ನ ಪ್ರೀತಿಸ್ತೀನಿ, ಅದಕ್ಕೆ."

ಅವಳು ಮುಖ ಆ ಕಡೆ ತಿರುಗಿಸಿದಳು. ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಒಂದೇ ಸಲ ಇಳಿಬಹುದಿತ್ತು! ಒಂದೇ ಸಲ ಮಡಚಿ ಕೊಡ್ತಿದ್ದೆ!"

"ಇಳಿಬಹುದಿತ್ತು... ಜನ ನಗ್ತಾರೆ ಅನ್ನೋ ಹೆದರಿಕೆ ಒಂದು. ಆದ್ರೆ ಒಂದೊಂದು ಪದರಕ್ಕೂ ಒಂದೊಂದು ಸಲ ನಿಮ್ಮ ಹತ್ರ ಬರಬಹುದಲ್ಲಾ ಅನ್ನೋ ಆಸೆ ಇನ್ನೊಂದು. ಇನ್ನೂ ಎರಡು ಸಲ ಬಾಕಿ ಇತ್ತು. ಇವತ್ತು ಒಂದೇ ಏಟಿಗೆ ಖಾಲಿ ಮಾಡ್ಕೊಂಡೆ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ತಾನು ಪೆದ್ದಿಯಲ್ಲ, ಅಳತೆಯೂ ಸರಿ, ಅಂದಾಜೂ ಸರಿ!

"ಪ್ಯಾಂಟು ನೆಲಕ್ಕೆ ಎಳೀತಿದೆ. ನಾಳೆ ತನ್ನಿ, ಒಂದಿಂಚು ಮಡಚಿ ಕೊಡ್ತೀನಿ."

"ಆಮೇಲೆ? ಯಾವ ನೆಪ ಹೇಳ್ಕೊಂಡು ಬರ್ಲಿ?"

"ನೆಪ ಸಾಕು. ನನ್ನನ್ನ ನೋಡೋಕೆ ಬರ್ತೀನಿ ಅಂತ ಹೇಳಿ. ಅತ್ತೆಗೆ ಕೇಳೋ ಹಾಗೆ ಹೇಳಿ."

ಅವನು ಒಂದು ಸಲ ಉಗುಳು ನುಂಗಿದ. ಆಮೇಲೆ ಬಾಗಿಲ ಕಡೆ ತಿರುಗಿ, ಬೀದಿಗೂ ಕೇಳುವಂತೆ ಹೇಳಿದ.

"ಅಮ್ಮಾ! ನಾನು ಇನ್ಮೇಲೆ ದಿನಾ ಬರ್ತೀನಿ. ಹೊಲಿಸೋಕಲ್ಲ... ಇವರನ್ನ ನೋಡೋಕೆ!"

ಒಳಗೆ ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

"ಕೇಳಿಸ್ತಪ್ಪಾ, ನನಗೇನು ಕಿವುಡಾ?" ಅತ್ತೆಯ ದನಿ ಬಂತು. "ಅಂಗಡಿ ತೆಗೆಯೋದು ಒಂಬತ್ತಕ್ಕೆ. ಅದಕ್ಕೆ ಮುಂಚೆ ಬಂದ್ರೆ ಬಾಗಿಲು ಕಾಯಬೇಕು!"

ಅವನು ಪೆಚ್ಚಾಗಿ ಅವಳತ್ತ ನೋಡಿದ.

"ನಾನು ಎಂಟೂವರೆಗೇ ಬಂದಿರ್ತೀನಿ," ಎಂದಳು ಅವಳು, ಅವನಿಗಷ್ಟೇ ಕೇಳುವಂತೆ.