ಬಡಿಸುವವಳ ಪಾಲು

ಒಂದಾನೊಂದು ಬೆಟ್ಟ. ಬೆಟ್ಟದ ನೆತ್ತಿಯಲ್ಲೊಂದು ಕಲ್ಲಿನ ಮನೆ. ಆ ಮನೆಗೆ ಮೆಟ್ಟಿಲಿರಲಿಲ್ಲ, ದಾರಿಯಿರಲಿಲ್ಲ. ಹಿಂದೆ ಗಣಿಯಿದ್ದಾಗ ಅದಿರು ಇಳಿಸಲು ಎಳೆದಿದ್ದ ಉಕ್ಕಿನ ಹಗ್ಗವೊಂದಿತ್ತು, ಹಗ್ಗಕ್ಕೆ ತೂಗುಬಿದ್ದ ಕಬ್ಬಿಣದ ಪೆಟ್ಟಿಗೆಯೊಂದಿತ್ತು. ಮಕ್ಕಳು ಅದನ್ನು ತೊಟ್ಟಿಲು ಎನ್ನುತ್ತಿದ್ದರು. ಗಣಿ ಬರಿದಾದ ಮೇಲೆ ಕಲ್ಲಿನ ಮನೆ ಮಕ್ಕಳ ಹಾಸ್ಟೆಲ್ ಆಯಿತು. ತೊಟ್ಟಿಲು ಅಕ್ಕಿಮೂಟೆಯನ್ನೂ ಮಕ್ಕಳನ್ನೂ ಒಂದೇ ಅಕ್ಕರೆಯಲ್ಲಿ ತೂಗುತ್ತ ಮೇಲಕ್ಕೆ ತರುತ್ತಿತ್ತು.

ರಜೆ ಬಂದು ಬಹುಪಾಲು ಮಕ್ಕಳು ಊರಿಗೆ ಹೋದ ಮೇಲೆ, ಕರೆದೊಯ್ಯಲು ಯಾರೂ ಬಾರದ ಕೆಲವರು ಅಲ್ಲೇ ಉಳಿದಿದ್ದರು. ಅವರ ನಡುವೆ ಹೊಸದಾಗಿ ಬಂದಿಳಿದವಳನ್ನು ಎಲ್ಲರೂ ಪೇಟೆಯವಳು ಎಂದು ಕರೆದರು. ಅವಳ ಶೂಗಳಿಗೆ ಪಾಲಿಷ್ ಇತ್ತು. ಹಾಸಿಗೆಯ ಅಂಚನ್ನು ಅವಳು ಸ್ಕೇಲಿಟ್ಟಂತೆ ಮಡಿಸುತ್ತಿದ್ದಳು.

ಮೊದಲ ಊಟಕ್ಕೆ ಅವಳು ತಟ್ಟೆ ಹಿಡಿದು ಕಾದು ನಿಂತಳು. ಅಡಿಗೆಯಕ್ಕ ಒಲೆಯ ಪಕ್ಕದಿಂದ ಏಳಲಿಲ್ಲ.

"ಇಲ್ಲಿ ಯಾರೂ ಯಾರಿಗೂ ಬಡಿಸಲ್ಲ ಕಣಮ್ಮ. ನಿನ್ನ ತಟ್ಟೆಗೆ ನೀನೇ ಹಾಕ್ಕೋ. ಸೌಟನ್ನ ಪಾತ್ರೇಲೇ ಬಿಡು, ಇನ್ನೊಬ್ಬರ ಕೈಗೆ ಕೊಡಬೇಡ."

"ಯಾಕೆ, ಸೌಟು ಕಚ್ಚುತ್ತಾ?"

ಬೆಂಚಿನ ಮೇಲಿದ್ದ ಅವಳಿ ಹುಡುಗರು ಕಿಸಕ್ಕೆಂದರು. ಅಡಿಗೆಯಕ್ಕ ನಗಲಿಲ್ಲ. ಕೆಂಡ ಕೆದಕುತ್ತ, ಗೋಡೆಗೆ ಹೇಳುವಂತೆ ಹೇಳಿದಳು.

"ಎಷ್ಟೋ ವರ್ಷದ ಹಿಂದೆ ಹಗ್ಗ ಕೆಟ್ಟು ಮಕ್ಕಳಷ್ಟೇ ಮೇಲುಳಿದಿದ್ರು. ಒಂದು ಚಿಕ್ಕದನ್ನ ಹಿಡಿದು ಬಡಿಸೋಕೆ ನಿಲ್ಲಿಸಿದ್ರು. ಬಡಿಸೋರು ಕೊನೇಲಿ ಉಣ್ಣಬೇಕಲ್ಲ, ಮರ್ಯಾದೆ ನೋಡು. ಅದಕ್ಕೆ ಕೊನೇಲಿ ಏನೂ ಉಳೀತಿರಲಿಲ್ಲ. ಹಗ್ಗ ಸರಿಯಾಗೋ ಹೊತ್ತಿಗೆ ಕೂಸು ಹೋಗಿತ್ತು. ಅದರ ತಾಯಿ ಇಲ್ಲೇ ಬಟ್ಟೆ ಒಗೀತಿದ್ಲು. ಮೇಲೆ ಬಂದ್ಲು, ಅಳಲಿಲ್ಲ. ಕೂಸಿನ ಕೂದಲು, ಉಗುರು ಕಟ್ಟಿ ಈ ಒಲೆ ಕೆಳಗೆ ಹೂತು, ಅದೇನೋ ಹೇಳಿಕೊಂಡು ಕೂತಿದ್ಲಂತೆ. ಅವತ್ತಿಂದ ಈ ಕೋಣೇಲಿ ಬಡಿಸಿಕೊಂಡು ಉಂಡೋರ ಹಸಿವು ಆರಲ್ಲ."

"ಒಲೆ ಕಿತ್ತು ತೆಗೆಸಬಹುದಿತ್ತಲ್ಲ?"

"ಕೀಳೋಕೆ ಬಂದವನು ಹಾರೆ ಇಲ್ಲೇ ಬಿಟ್ಟು ಹೋದ."

"ಕೂಲಿ ಕಮ್ಮಿ ಅನ್ನಿಸಿರಬೇಕು," ಎಂದಳು ಪೇಟೆಯವಳು. ಈ ಸಲ ಎಲ್ಲರೂ ನಕ್ಕರು. ಗುಬ್ಬಿ ಮಾತ್ರ ನಗಲಿಲ್ಲ. ಅವಳು ಎಲ್ಲರಿಗಿಂತ ಚಿಕ್ಕವಳು, ಅಲ್ಲೇ ಓದುತ್ತಿದ್ದ ಒಡಹುಟ್ಟಿದ ಅಕ್ಕನ ಸೆರಗಿನ ಮರೆಯಲ್ಲಿ ಕೂತು, ಕಾಳು ಕಾಳಾಗಿ ಉಣ್ಣುವವಳು.

ಆ ಅಕ್ಕನಿಗೇ ಒಂದು ಬೆಳಿಗ್ಗೆ ಹೊಟ್ಟೆನೋವು ಬಂತು. ನೆಲ ಹಿಡಿದು ಹೊರಳಿದಳು. ಹಾಸ್ಟೆಲ್ ನೋಡಿಕೊಳ್ಳುವ ದೊಡ್ಡಮ್ಮ ಒಬ್ಬಳಿಂದ ಅವಳನ್ನು ಎತ್ತಲಾಗಲಿಲ್ಲ, ಅಡಿಗೆಯಕ್ಕನೂ ತೊಟ್ಟಿಲು ಹತ್ತಿದಳು. "ಮಧ್ಯಾಹ್ನಕ್ಕೆ ಬಂದೇಬಿಡ್ತೀವಿ, ದೊಡ್ಡವಳು ನೀನು, ನೋಡಿಕೋ," ಎಂದು ದೊಡ್ಡಮ್ಮ ಪೇಟೆಯವಳ ಕೈಗೆ ಉಗ್ರಾಣದ ಬೀಗದ ಕೈ ಕೊಟ್ಟಳು.

ಅಕ್ಕ ಪೆಟ್ಟಿಗೆಯ ಅಂಚಿನಿಂದ ಕೈ ಚಾಚಿ ಪೇಟೆಯವಳ ಮಣಿಕಟ್ಟು ಹಿಡಿದಳು. "ಗುಬ್ಬೀಗೆ ಉಣ್ಣಿಸ್ತೀಯಾ? ಹಸಿವಾದ್ರೂ ಅವಳು ಕೇಳಲ್ಲ."

"ಉಣ್ಣಿಸ್ತೀನಿ."

"ಮಾತು ಕೊಡು."

"ಕೊಟ್ಟೆ ಕಣೇ. ನೀನು ಮೊದಲು ಹುಷಾರಾಗು."

ತೊಟ್ಟಿಲು ಮಂಜಿನೊಳಗೆ ಇಳಿಯಿತು. ಕೆಳಗಿನ ಗಂಟೆ ಮೊಳಗಿತು, ತಲುಪಿದೆವೆಂದು. ಅದರ ಹಿಂದೆಯೇ ಬೆಟ್ಟದ ಹೊಟ್ಟೆಯಲ್ಲಿ ಏನೋ ಮುರಿದಂತಾಯಿತು. ಹಗ್ಗ ಒಮ್ಮೆ ಹಾವಿನಂತೆ ನೆಗೆದು, ಸಡಿಲವಾಗಿ ಜೋತುಬಿತ್ತು.

ಮಧ್ಯಾಹ್ನವಾಯಿತು. ಯಾರೂ ಬರಲಿಲ್ಲ. ಮಂಜು ಕಿಟಕಿಗೆ ಒದ್ದೆ ಕಂಬಳಿಯಂತೆ ಅಂಟಿಕೊಂಡಿತು.

ಪೇಟೆಯವಳು ಹೆದರಲಿಲ್ಲ. ಒಳಗೊಳಗೆ ಖುಷಿಯೇ ಆಗಿತ್ತು ಅವಳಿಗೆ. ಗಂಜಿ ಬೇಯಿಸಿದಳು, ಎಲ್ಲರ ಕೈ ತೊಳೆಸಿದಳು, ಸಾಲಾಗಿ ಕೂರಿಸಿದಳು. ಮೊದಲ ಊಟ ತಾವೇ ಹಾಕಿಕೊಂಡು ಆಯಿತು. ಎರಡನೆಯದಕ್ಕೆ ಉದ್ದಣ್ಣ, ತೆಂಗಿನಮರದಂತೆ ಬೆಳೆದ ಹುಡುಗ, ಸೌಟನ್ನು ತಳಕ್ಕೆ ಇಳಿಸಿ ಗಟ್ಟಿಯನ್ನೆಲ್ಲ ಬಾಚಿಕೊಂಡ. ಅವಳಿಗಳ ಪಾಲಿಗೆ ತಿಳಿ ಬಂತು. ಒಬ್ಬ ಉದ್ದಣ್ಣನ ಕೈ ಕಚ್ಚಿದ, ಇನ್ನೊಬ್ಬ ತಟ್ಟೆ ಎಸೆದ.

"ಥೂ, ನಾಯಿಗಳ ಹಾಗೆ ಆಡ್ತೀರಲ್ಲ. ಇನ್ಮೇಲೆ ಒಬ್ಬರು ಬಡಿಸೋದು," ಎಂದಳು ಪೇಟೆಯವಳು. "ಸಮ ಸಮ. ಬಡಿಸಿದೋರು ಕೊನೇಲಿ ಉಣ್ಣೋದು. ಆಗ ಮೋಸ ಇರಲ್ಲ."

"ಅಡಿಗೆಯಕ್ಕ ಬೇಡ ಅಂದಿದ್ರು," ಎಂದ ಒಬ್ಬ ಅವಳಿ.

"ಅಡಿಗೆಯಕ್ಕ ಬೆಕ್ಕು ಅಡ್ಡ ಬಂದ್ರೂ ಒಲೆ ಹಚ್ಚಲ್ಲ ಕಣೋ."

"ಯಾರು ಬಡಿಸೋದು? ನೀನಾ?" ಉದ್ದಣ್ಣ ಕೇಳಿದ. "ನಿನ್ನ ನಂಬೋರು ಯಾರು? ಗುಬ್ಬಿ ಬಡಿಸಲಿ. ಅವಳಿಗೆ ಕದಿಯೋಕೂ ಬರಲ್ಲ."

ಪೇಟೆಯವಳು ಒಂದು ಕ್ಷಣ ಗುಬ್ಬಿಯ ಕಡೆ ನೋಡಿದಳು. ನ್ಯಾಯವೆನಿಸಿತು. ಅಷ್ಟೇ ಅಲ್ಲ, ಸುಲಭವೆನಿಸಿತು.

ಗುಬ್ಬಿ ಮಣೆಯ ಮೇಲೆ ನಿಂತು ಬಡಿಸಿದಳು. ಸೌಟು ಒಂದಿಷ್ಟೂ ತುಳುಕಲಿಲ್ಲ. ಎಲ್ಲರಿಗೂ ಒಂದೇ ಅಳತೆ. ಕೊನೆಯಲ್ಲಿ ಸೌಟು ಪಾತ್ರೆಯ ತಳಕ್ಕೆ ತಾಗಿ ಟಣ್ ಎಂದಿತು. ಪಾತ್ರೆ ಒಣಗಿತ್ತು, ತೊಳೆದು ಬಿಸಿಲಿಗಿಟ್ಟ ಹಾಗೆ.

"ನಂಗೆ ಹಸಿವಿಲ್ಲ," ಎಂದಳು ಗುಬ್ಬಿ.

ನನ್ನದರಲ್ಲಿ ಅರ್ಧ ಕೊಡುತ್ತೇನೆ ಎಂದುಕೊಂಡು ಪೇಟೆಯವಳು ತಟ್ಟೆಯತ್ತ ಬಾಗಿದಳು. ತಟ್ಟೆಯಲ್ಲಿ ಏನೂ ಇರಲಿಲ್ಲ. ಬೆರಳುಗಳ ಗುರುತಷ್ಟೇ ಇತ್ತು. ಯಾವಾಗ ಉಂಡೆ? ನಾಲಿಗೆಯ ಮೇಲೆ ಉಪ್ಪು ಇನ್ನೂ ಇತ್ತು. ಹೊಟ್ಟೆ ಮಾತ್ರ ಊಟಕ್ಕೆ ಮುಂಚೆ ಇದ್ದುದಕ್ಕಿಂತ ಆಳವಾಗಿತ್ತು.

ಮುಂದಿನ ಹೊತ್ತಿಗೆ ಅವಳು ಹೆಚ್ಚು ಅಕ್ಕಿ ಹಾಕಿದಳು. ಪಾತ್ರೆ ಕಂಠಮಟ್ಟ ತುಂಬಿತು. ಗುಬ್ಬಿ ಬಡಿಸಿದಳು. ಟಣ್. ಬರಿದು.

ಅದರ ಮುಂದಿನ ಹೊತ್ತಿಗೂ ಹಾಗೆಯೇ. ಉಂಡಷ್ಟೂ ಹಸಿವು ಹೆಚ್ಚಿತು. ಊಟ ಮುಗಿದ ಕೂಡಲೇ ಮತ್ತೆ ಒಲೆ ಹೊತ್ತಿಸಿದರು. ಮತ್ತೆ ತಾವೇ ಹಾಕಿಕೊಂಡು ತಿನ್ನೋಣವೆಂದು ಯಾರಿಗೂ ತೋಚಲಿಲ್ಲ. ಒಮ್ಮೆ ತೋಚಿದಾಗ, ಸೌಟು ಗುಬ್ಬಿಯ ಕೈಬಿಟ್ಟು ಬರಲಿಲ್ಲ. ಬೆರಳುಗಳು ಹಿಡಿಕೆಯ ಸುತ್ತ ಬೇರಿನಂತೆ ಹೆಣೆದುಕೊಂಡಿದ್ದವು.

ಅಷ್ಟರಲ್ಲಿ ಅವಳಿಗಳು ಗುಸುಗುಸು ಶುರು ಮಾಡಿದ್ದರು. ಪಾತ್ರೆ ತುಂಬ ಬೇಯಿಸಿದ್ದು ಹೋಗುವುದೆಲ್ಲಿಗೆ? ಬೆನ್ನು ತಿರುಗಿಸಿದಾಗ ಗುಬ್ಬಿಯೇ ನೆಕ್ಕುತ್ತಾಳೆ. ಒಬ್ಬ ಅವಳ ಲಂಗದ ಜೇಬು ತಡಕಿದ. ಇನ್ನೊಬ್ಬ ಬಾಯಿ ಬಿಡಿಸಿ ಮೂಸಿದ. ಉದ್ದಣ್ಣ ಅವಳ ಕಾಲನ್ನು ಒಲೆಯ ಪಕ್ಕದ ಕಂಬಕ್ಕೆ ದಾರದಿಂದ ಕಟ್ಟಿದ. "ಓಡಿಹೋದ್ರೆ ಬಡಿಸೋರು ಯಾರು?" ಎಂದ, ಬಹಳ ಸಮಂಜಸವಾಗಿ.

"ಗಂಟು ಬಿಗಿಯಾಯ್ತೇನೋ," ಎಂದಳು ಪೇಟೆಯವಳು. ಬಿಚ್ಚು ಎನ್ನಲಿಲ್ಲ. ಬಾಗಿ ಗಂಟನ್ನು ಕೊಂಚ ಸಡಿಲಿಸಿದಳು, ಅಷ್ಟಕ್ಕೇ ತನ್ನನ್ನು ತಾನು ಒಳ್ಳೆಯವಳೆಂದುಕೊಂಡಳು.

ಕೈ ತೊಳೆಯುವುದನ್ನು ಮಾತ್ರ ಯಾರೂ ಮರೆಯಲಿಲ್ಲ. ಸಾಲು ತಪ್ಪಲಿಲ್ಲ. ತಟ್ಟೆ ತುಂಬಿದಾಗ ಒಬ್ಬೊಬ್ಬರೂ ತಲೆಬಾಗಿ ಧನ್ಯವಾದ ಹೇಳಿದರು. ಗುಬ್ಬಿಯ ಕೆನ್ನೆ ಕುಸಿಯುತ್ತಿತ್ತು. ಅವಳ ಮುಖ ನೋಡಬೇಕಾಗಿ ಬರದಿರಲೆಂದು ಎಲ್ಲರೂ ತಟ್ಟೆಯನ್ನೇ ನೋಡುತ್ತಿದ್ದರು.

ಕೋಣೆಯ ವಾಸನೆ ಬದಲಾಯಿತು. ಹೊಗೆ, ಒದ್ದೆ ಬೂದಿ. ಅದರಡಿಯಲ್ಲಿ ಇನ್ನೊಂದು, ಸಾಬೂನು ಹಾಕಿ ಕುದಿಸಿದ ಬಟ್ಟೆಯ ವಾಸನೆ. ಬಟ್ಟೆ ಯಾರೂ ಒಗೆದಿರಲಿಲ್ಲ. ನಡುಹಗಲಲ್ಲೇ ಮೂಲೆಗಳು ಕಾಣದಾದವು. ಪಾತ್ರೆಯ ಆವಿ ಮೇಲೇರದೆ, ಗುಬ್ಬಿಯ ಹಿಂದೆ ಒಂದು ಕಡೆ ಗಟ್ಟಿಯಾಗಿ ನಿಲ್ಲತೊಡಗಿತು.

ಅಕ್ಕಿ ಮುಗಿಯುತ್ತ ಬಂತು. ಉಗ್ರಾಣದ ಮೂಲೆ ಗುಡಿಸಿ, ಕಲ್ಲು ಆರಿಸಿ ಪೇಟೆಯವಳು ಕೊನೆಯ ಗಂಜಿ ಬೇಯಿಸಿದಳು. ಈ ಸಲ ಗುಬ್ಬಿಗೆ ಮೊದಲು. ಹಾಗೆಂದು ಬೀಗ ತೆಗೆಯುವಾಗಲೇ ನಿರ್ಧರಿಸಿದ್ದಳು. ಹಿಂದೆಯೂ ಹಾಗೆಯೇ ನಿರ್ಧರಿಸಿದ್ದಳೆಂಬುದು ನೆನಪಾಗಿ ಕಿವಿ ಬಿಸಿಯಾಯಿತು.

ಗುಬ್ಬಿ ಮಣೆಯ ಮೇಲೆ ನಿಂತಿದ್ದಳು. ನಿಂತಿದ್ದಳೋ, ಯಾರಾದರೂ ನಿಲ್ಲಿಸಿದ್ದರೋ. ತಲೆ ಒಂದು ಕಡೆ ವಾಲಿತ್ತು.

"ಬಡಿಸಲಾ ಅಕ್ಕ?" ಎಂದಿತು ದನಿ. ತುಂಬ ವಿನಯದ ದನಿ. ಗುಬ್ಬಿಯದಲ್ಲ.

ಪೇಟೆಯವಳು ನೋಡಿದಳು. ಸೌಟಿನ ಹಿಡಿಕೆಯ ಮೇಲೆ ಗುಬ್ಬಿಯ ಬೆರಳು. ಆ ಬೆರಳುಗಳ ಮೇಲೆ ಇನ್ನೊಂದು ಪುಟ್ಟ ಕೈ. ಆವಿಯ ಬಣ್ಣದ್ದು. ಅದಕ್ಕೆ ಉಗುರುಗಳಿರಲಿಲ್ಲ.

ಅವಳಿಗಳು ಬೆಂಚಿನ ಕೆಳಗೆ ಸರಿದರು. ಆದರೆ ತಟ್ಟೆಗಳನ್ನು ಮುಂದೆ ಚಾಚಿಯೇ ಇದ್ದರು.

ಪೇಟೆಯವಳು ಪಾತ್ರೆಯನ್ನೇ ಎತ್ತಿದಳು. ಕೈ ಸುಟ್ಟಿತು, ಬಿಡಲಿಲ್ಲ. ಗುಬ್ಬಿಯ ಬಾಯಿಗೆ ಬಗ್ಗಿಸಿದಳು. ಗಂಜಿ ತುಟಿ ಮುಟ್ಟುವ ಮೊದಲೇ ಬೂದಿಯಾಗಿ ಉದುರಿತು. ಪಾತ್ರೆ ಕೆಳಗಿಟ್ಟರೆ ಮತ್ತೆ ಗಂಜಿ. ಸೌಟನ್ನು ಎಳೆದಳು. ಬರಲಿಲ್ಲ. ಬೆರಳು ಬಿಡಿಸಿದಳು. ಒಂದು ಬಿಡಿಸಿದರೆ ಇನ್ನೊಂದು ಬಿಗಿಯಿತು. ಗುಬ್ಬಿ ನೋವಿಗೆ ಮೆಲ್ಲಗೆ ಕುಂಯ್ ಎಂದಳು. ಅದು ಅವಳದೇ ದನಿ.

ಉದ್ದಣ್ಣ ಹಿಂದಿನಿಂದ ಬಂದು ಪೇಟೆಯವಳ ಜಡೆ ಹಿಡಿದ.

"ಕೂತ್ಕೋ. ಸಾಲು ಬಿಡಬೇಡ. ನಿಯಮ ಮಾಡಿದ್ದು ನೀನೇ ತಾನೆ?"

"ಅವಳು ಸಾಯ್ತಾಳೆ ಕಣೋ."

"ಕೊನೇಲಿ ಉಣ್ತಾಳೆ."

"ಕೊನೇಲಿ ಏನೂ ಇರಲ್ಲ. ನಿಂಗೂ ಗೊತ್ತು. ಮೊದಲ ದಿನದಿಂದ ಗೊತ್ತು. ನಂಗೂ ಗೊತ್ತಿತ್ತು."

ಉದ್ದಣ್ಣನ ಹಿಡಿತ ಸಡಿಲವಾಯಿತು. ಆದರೂ ಇನ್ನೊಂದು ಕೈಯಲ್ಲಿ ತಟ್ಟೆ ಇತ್ತು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಎದೆಗೊತ್ತಿಕೊಂಡ.

ಸೌಟು ಪಾತ್ರೆಗಿಳಿಯಿತು. ಮೊದಲ ಪಾಲು ಮೇಲೆ ಬಂತು. ಪೇಟೆಯವಳ ಕಡೆಗೇ ಬಂತು. ಅವಳ ಬಾಯಿ ತಾನಾಗಿ ತೆರೆದುಕೊಂಡಿತು. ಜೊಲ್ಲು ಸುರಿಯಿತು. ಹೊಟ್ಟೆ ಬಾವಿಯಂತೆ ಕೂಗಿತು. ಕೈ ತಟ್ಟೆ ಹುಡುಕಿತು. ಅಷ್ಟು ಅಸಹ್ಯ ಅವಳಿಗೆ ಜೀವನದಲ್ಲಿ ಎಂದೂ ಆಗಿರಲಿಲ್ಲ, ಆ ಅಸಹ್ಯವೆಲ್ಲ ಅವಳ ಬಗ್ಗೆಯೇ ಆಗಿತ್ತು.

ಅವಳು ಮೊಣಕಾಲೂರಿದಳು. ಗುಬ್ಬಿಯ ಮುಖವನ್ನು ನೋಡಿದಳು. ಇಷ್ಟು ದಿನದಲ್ಲಿ ಮೊದಲ ಸಲ. ಕಣ್ಣು ಎಷ್ಟು ಒಳಗೆ ಹೋಗಿದ್ದವು.

"ಗುಬ್ಬಿ, ಕೊಡು ಪುಟ್ಟಿ. ಇನ್ನು ನಾನು ಬಡಿಸ್ತೀನಿ. ನೀನು ಕೂತ್ಕೋ."

ಎಳೆಯಲಿಲ್ಲ. ಖಾಲಿ ಅಂಗೈ ಚಾಚಿದಳು.

ಗುಬ್ಬಿ ಆ ಅಂಗೈಯನ್ನು ನೋಡಿದಳು.

"ಆಮೇಲೆ ನಿಂಗೆ ಸಿಗಲ್ಲ ಅಕ್ಕ."

"ಗೊತ್ತು."

"ತುಂಬ ಹಸಿಯುತ್ತೆ."

"ಗೊತ್ತಮ್ಮ. ಕೊಡು."

ಬೆರಳು ಒಂದೊಂದಾಗಿ ಬಿಚ್ಚಿಕೊಂಡವು. ಸೌಟು ಅಂಗೈಗೆ ಬಂತು. ಮಂಜಿನಷ್ಟು ತಣ್ಣಗಿತ್ತು. ಪೇಟೆಯವಳ ಬೆರಳುಗಳು ಮುಚ್ಚಿಕೊಂಡವು. ಅವಳು ಮುಚ್ಚಿರಲಿಲ್ಲ. ತೆರೆಯಲು ನೋಡಿದಳು. ಆಗಲಿಲ್ಲ. ಬೆನ್ನ ಹಿಂದೆ ಸಾಬೂನಿನ ವಾಸನೆ ಹತ್ತಿರವಾಯಿತು. ಕುತ್ತಿಗೆಗೆ ಒದ್ದೆ ಉಸಿರು ತಾಕಿತು. ಆ ಪುಟ್ಟ ಕೈ ಬಂದು ಅವಳ ಕೈಯ ಮೇಲೆ ಕೂತಿತು. ಹಗುರ. ಹೆಗಲೇರಿದ ಕೂಸಿನ ಹಾಗೆ, ಇಳಿಯುವ ಮನಸ್ಸೇ ಇಲ್ಲದ ಹಾಗೆ.

ಉದ್ದಣ್ಣ ಬಾಗಿ ಗುಬ್ಬಿಯ ಕಾಲಿನ ದಾರ ಬಿಚ್ಚಿದ. ಗಂಟು ಬೇಗ ಬಿಡಲಿಲ್ಲ, ಹಲ್ಲಿನಿಂದ ಕಡಿದ. ಅವಳನ್ನು ಎತ್ತಿ ಬೆಂಚಿನ ಮೇಲೆ ಕೂರಿಸಿ, ತನ್ನ ತಟ್ಟೆಯನ್ನು ಅವಳ ಮುಂದಿಟ್ಟ. ಇಟ್ಟು ಮುಖ ತಿರುಗಿಸಿಕೊಂಡ. ಅವಳಿಗಳು ಬೆಂಚಿನ ಕೆಳಗಿಂದ ಹೊರಬರಲಿಲ್ಲ. ಅಲ್ಲಿಂದ ಮುಸುಮುಸು ಅಳು ಕೇಳಿಸಿತು.

ಪೇಟೆಯವಳು ಬಡಿಸಿದಳು. ಯಾರೂ ಹಿಡಿದು ನಿಲ್ಲಿಸದೆ ತಾನಾಗಿ ನಿಂತವಳ ಸೌಟಿನಲ್ಲಿ ಅದು ಬೂದಿಯಾಗಲಿಲ್ಲ. ಬಿಳಿಯ ಗಂಜಿ, ಹಬೆಯಾಡುವ ಗಂಜಿ. ಗುಬ್ಬಿ ಮೊದಲು ಮೂಸಿದಳು. ಒಂದು ತುತ್ತು ಬಾಯಿಗಿಟ್ಟು ಸುತ್ತ ನೋಡಿದಳು, ಯಾರಾದರೂ ಕಿತ್ತುಕೊಳ್ಳುವರೇನೋ ಎಂದು. ಯಾರೂ ಕಿತ್ತುಕೊಳ್ಳಲಿಲ್ಲ. ಎರಡನೇ ತುತ್ತು. ಆಮೇಲೆ ಕೈ ನಿಲ್ಲಲಿಲ್ಲ.

"ಮೆಲ್ಲಗೆ," ಎಂದಳು ಪೇಟೆಯವಳು. "ಇನ್ನೂ ಇದೆ."

ತಟ್ಟೆ ಬರಿದಾಯಿತು. ಮತ್ತೆ ಬಡಿಸಿದಳು. ಹಸಿವು ಅವಳೊಳಗೆ ಗೋಡೆ ಕೆರೆಯುತ್ತಿತ್ತು. ಈಗ ಅದಕ್ಕೆ ಕೊಡಲು ಅವಳ ಬಳಿ ಏನೂ ಇರಲಿಲ್ಲ, ಮುಂದೆ ಎಂದೂ ಇರುವುದಿಲ್ಲವೆಂದು ಅವಳಿಗೆ ತಿಳಿದಿತ್ತು. ಸೌಟು ವಾಲಿತು. ಮೇಲಿನ ಪುಟ್ಟ ಕೈ ಅದನ್ನು ಹಿಡಿದು ನೆಟ್ಟಗೆ ನಿಲ್ಲಿಸಿತು. ಒಂದು ಹನಿಯೂ ಚೆಲ್ಲಲಿಲ್ಲ.

"ಸಾಕಾ ಪುಟ್ಟಿ?"

"ಇನ್ನೊಂಚೂರು."

ಆ ಮನೆಗೆ ಬಂದಂದಿನಿಂದ ಗುಬ್ಬಿ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಪೇಟೆಯವಳು ತಳ ಬಾಚಿ ಬಡಿಸಿದಳು. ಗುಬ್ಬಿ ಉಂಡಳು. ಬೆರಳು ಚೀಪಿದಳು. ಸಣ್ಣಗೆ ತೇಗಿ, ಉದ್ದಣ್ಣನ ತೋಳಿಗೆ ಒರಗಿ ಕಣ್ಣು ಮುಚ್ಚಿದಳು. ಹೊಟ್ಟೆ ಮೇಲೆ ಕೆಳಗೆ ಆಡುತ್ತಿತ್ತು, ನಿಧಾನವಾಗಿ, ತುಂಬಿ.