ಮುಳ್ಳು ಎತ್ತುವವರೆಗೆ

“ತಂತಿ ಕತ್ತರಿಸಿದ ಸದ್ದನ್ನ ಮಾತ್ರ ತೆಗೀಬೇಡಮ್ಮಾ,” ಎಂದ ಗುನ್ನುಲ್ವ್, ಚಾಕುವನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ. “ಬಾಕಿಯೆಲ್ಲ ನಿನ್ನಿಷ್ಟ. ಗಂಟೆ ಬಾರಿಸು, ತೋಳ ಕೂಗಿಸು, ಯಾರು ಬೇಡ ಅಂತಾರೆ? ಅದೊಂದು ಇರ್ಲಿ.”

ರಾಗ್ನಾಳಿಗೆ ನಗು ತಡೆಯಲಾಗಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಬಿದ್ದಂಥ ಸದ್ದು ಅದು. ಧ್ವನಿಮುದ್ರಣದಲ್ಲಿ, ಅಷ್ಟು ಚಂದದ ಮಟ್ಟಿನ ಕೊನೆಗೆ, ಅದನ್ನು ಉಳಿಸಿಕೊಳ್ಳಬೇಕಂತೆ. ಸ್ಟುಡಿಯೋ ಎಂದು ತಾವೇ ಹೆಸರಿಟ್ಟುಕೊಂಡಿದ್ದ ಆ ಹಳೆಯ ಹಾಲಿನ ಡೈರಿಯ ನೆಲದ ಮೇಲೆ ಅವಳ ಗಂಡ ಹಲ್ವಾರ್ ಬೆವರಿನಲ್ಲಿ ತೊಯ್ದು ಕೂತಿದ್ದ. ಅವನ ಮಡಿಲಲ್ಲಿ ಪಿಟೀಲು, ಪಿಟೀಲಿನಿಂದ ಜೋತುಬಿದ್ದ ತುಂಡು ತಂತಿಗಳು. ಕೋಣೆಯ ತುಂಬ ಒದ್ದೆ ಉಣ್ಣೆಯ ವಾಸನೆ, ಕಮಾನಿಗೆ ಹಚ್ಚಿದ ರಾಳದ ವಾಸನೆ.

“ನೀವು ಚಾಕು ಹಿಡ್ಕೊಂಡು ನಿಂತಾಗ ನಾನು ಬೇಡ ಅಂದ್ನಾ ಮಾವ? ಕತ್ತರಿಸಿದ್ರಿ, ಇವನು ಬಿದ್ದ, ಮುಗೀತು. ಇನ್ನು ನನ್ನ ಕಂಪ್ಯೂಟರಿಗೂ ದೆವ್ವ ಹಿಡಿಯತ್ತಾ?”

“ನಗು, ನಗು. ಆ ಮಟ್ಟಿಗೆ ಕೊನೆ ಅನ್ನೋದೇ ಇಲ್ಲ ಕಣಮ್ಮಾ. ನಾವು ಕೊಟ್ಟಿರೋ ಕೊನೆ ಅದೊಂದೇ.” ಇಷ್ಟು ಹೇಳಿ ಗುನ್ನುಲ್ವ್ ಶಾಲೆ ಬಿಡುವ ಹೊತ್ತಾಯಿತೆಂದು ಎದ್ದುಹೋದ. ಅವನು ಹಲ್ವಾರನ ಚಿಕ್ಕಪ್ಪ, ಕಣಿವೆಯ ಶಾಲಾ ಬಸ್ಸು ಓಡಿಸುವವನು. ನಾಲಿಗೆ ಒರಟು; ಪಿಟೀಲು ಕೈಗೆ ಬಂದರೆ ಮಾತ್ರ ಬೇರೆಯೇ ಮನುಷ್ಯ.

ಸೇತೆಸ್ದಾಲ್ ಕಣಿವೆಯಲ್ಲಿ ಹುಟ್ಟಿದ ನಮಗೆ ಇದನ್ನೆಲ್ಲ ಯಾರೂ ಕೂರಿಸಿಕೊಂಡು ಹೇಳಬೇಕಿಲ್ಲ. ಹಿಡಿಯುವ ಮಟ್ಟುಗಳು ಎಂದು ಕೆಲವಿವೆ. ಜಲಪಾತದ ಅಡಿಯಲ್ಲಿ ಕೂತು ಪಿಟೀಲು ಬಾರಿಸುವ ನೀರಿನ ಭೂತಕ್ಕೆ ಕುರಿಯ ತೊಡೆ ಕೊಟ್ಟು ನಮ್ಮ ಹಿರಿಯರು ಕಲಿತು ಬಂದವು. ಶುರು ಮಾಡುವುದು ಪಿಟೀಲುಗಾರ, ನಿಲ್ಲಿಸುವುದು ಅವನ ಕೈಯಲ್ಲಿಲ್ಲ. ಅದಕ್ಕೇ ಪಕ್ಕದಲ್ಲಿ ಒಬ್ಬ ಚಾಕು ಹಿಡಿದು ನಿಂತಿರಬೇಕು, ಕಣ್ಣುಗುಡ್ಡೆ ಮೇಲಕ್ಕೆ ಹೊರಳಿದ ಕೂಡಲೇ ತಂತಿ ಕತ್ತರಿಸಬೇಕು. ಗುನ್ನುಲ್ವನ ಅಪ್ಪನ ಪಕ್ಕ ನಿಂತಿದ್ದವನು ತುಟಿಯಡಿ ಇಟ್ಟುಕೊಳ್ಳುವ ಹೊಗೆಸೊಪ್ಪು ತರಲೆಂದು ಹೊರಗೆ ಹೋಗಿ, ಬಾಗಿಲಲ್ಲಿ ಯಾರೊಡನೆಯೋ ಹರಟುತ್ತ ನಿಂತುಬಿಟ್ಟ. ಬಾರಿಸುತ್ತಲೇ ಸತ್ತ ಮುದುಕನನ್ನು ಮಣ್ಣು ಮಾಡುವಾಗಲೂ ಅವನ ಬಲಗೈ ನೇರವಾಗಿರಲಿಲ್ಲ.

ರಾಗ್ನಾ ಓಸ್ಲೋದವಳು, ವಾದ್ಯವೃಂದಕ್ಕೆ ಸಂಗೀತ ಬರೆಯುವುದನ್ನು ಓದಿದವಳು. ಮುಖಕ್ಕೆ ಹೆಣದ ಬಣ್ಣ ಬಳಿದುಕೊಂಡು ಕಿರುಚುವ ಗಂಡಸರ ಬ್ಲ್ಯಾಕ್ ಮೆಟಲ್ ಸಂಗೀತ ಅವಳಿಗೆ ಮೊದಲು ತಮಾಷೆಯಾಗಿತ್ತು. ಹಲ್ವಾರನನ್ನು ಮದುವೆಯಾದ ಮೇಲೆ ಹಟವಾಯಿತು. ಅವನ ತಂಡ ‘ನಾಟ್‌ಫೊನ್’ ಎರಡು ಆಲ್ಬಮ್ ತಂದು ಎರಡು ಸಲವೂ ನಗೆಪಾಟಲಾಗಿತ್ತು. ಬ್ಲ್ಯಾಕ್ ಮೆಟಲ್ ಬೆಳೆದ ನೆಲದಲ್ಲಿ ಅದನ್ನು ಕೆಟ್ಟದಾಗಿ ಬಾರಿಸಿದವನಿಗೆ ಯಾರ ಕರುಣೆಯೂ ಸಿಗುವುದಿಲ್ಲ. ಬರ್ಗೆನ್ನಿನ ವಿಮರ್ಶಕ ಸಿಗ್ವಾರ್ಟ್ ಎಂದರೆ ಈ ಜನಕ್ಕೆಲ್ಲ ಒಳಗೊಳಗೇ ನಡುಕ. ಅವನು ಎರಡನೆಯ ಆಲ್ಬಮ್ಮಿನ ಗ್ರಾಮಾಫೋನ್ ತಟ್ಟೆಯ ಬಗ್ಗೆ ಒಂದೇ ಸಾಲು ಬರೆದಿದ್ದ: ಬಿಸಿ ಪಾತ್ರೆ ಇಡಲು ಒಳ್ಳೆಯ ತಟ್ಟೆ. ಅದನ್ನು ಓದಿದ ದಿನ ಹಲ್ವಾರ್ ಯಾರೊಡನೆಯೂ ಮಾತಾಡದೆ ಸೌದೆ ಒಡೆದ. ಒಲೆಗೆ ಬೇಕಾದಷ್ಟಾದ ಮೇಲೂ ಒಡೆದ. ಕಿಟಕಿಯಲ್ಲಿ ನಿಂತು ಅವನ ಬೆನ್ನು ನೋಡುತ್ತಿದ್ದಾಗಲೇ ರಾಗ್ನಾ ಓಸ್ಲೋದ ಕೆಲಸ ಬಿಡುವ ತೀರ್ಮಾನ ಮಾಡಿದ್ದು. ಮೂರನೆಯದನ್ನು ತಾನು ಕಟ್ಟುತ್ತೇನೆ, ಆ ಸಿಗ್ವಾರ್ಟನ ಬಾಯಿಂದಲೇ ಭೇಷ್ ಅನ್ನಿಸುತ್ತೇನೆ ಎಂದಳು. ಕೇಳಿದವರೆಲ್ಲ ಹ್ಞೂಂಗುಟ್ಟಿ, ಬೆನ್ನ ಹಿಂದೆ ನಕ್ಕರು. ತಂಡದ ಡ್ರಮ್ಮಿನವನೂ ನಕ್ಕ.

ಐವತ್ತು ಜನರ ವಾದ್ಯವೃಂದವನ್ನು ಕರೆಸುವ ತಾಕತ್ತು ಯಾರಿಗಿತ್ತು? ಒಬ್ಬ ಹಲ್ವಾರನ ಪಿಟೀಲನ್ನೇ ಪದರದ ಮೇಲೆ ಪದರ ಹಾಸಿ ಅವಳು ವಾದ್ಯವೃಂದ ಮಾಡಿಕೊಂಡಳು. ಕೊನೆಯ ಹಾಡಿಗೆ ಹಿಡಿಯುವ ಮಟ್ಟು ಇಟ್ಟಳು. ಆ ಠಣ್ಣೆನ್ನುವ ಸದ್ದನ್ನು ಮೊದಲ ದಿನವೇ ಕತ್ತರಿಸಿ ಎಸೆದಳು. ಮಟ್ಟಿನ ಕೊನೆಯ ತಿರುವು ಒಂದು ಉಸಿರಿನಷ್ಟು ಉದ್ದ; ಅದರ ಬಾಲವನ್ನು ಅದರ ತಲೆಗೇ ಅಂಟಿಸಿದಳು. ಗ್ರಾಮಾಫೋನ್ ತಟ್ಟೆಯ ಕೊನೆಯ ಗೆರೆಯನ್ನು ಬಳೆಯಂತೆ ಮುಚ್ಚಿಬಿಟ್ಟರೆ ಮುಳ್ಳು ಅಲ್ಲೇ ಸುತ್ತುತ್ತಿರುತ್ತದೆ. ಯಾರಾದರೂ ಎದ್ದು ಬಂದು ಎತ್ತುವವರೆಗೆ ಹಾಡು ಮುಗಿಯುವುದಿಲ್ಲ. ಈ ಉಪಾಯ ಹೊಳೆದಾಗ ಅವಳು ಡೈರಿಯಲ್ಲಿ ಒಬ್ಬಳೇ ಕುಣಿದಳು.

ಆ ವಾರಗಳಲ್ಲಿ ಹಲ್ವಾರನಿಗೆ ಬಲಭುಜದ ನೋವು. ಅವಳು ಆ ತುಣುಕನ್ನು ಹಾಕಿ ನಿಲ್ಲಿಸಿ, ಹಾಕಿ ನಿಲ್ಲಿಸಿ ಕೆಲಸ ಮಾಡುತ್ತಿದ್ದಾಗ ಒಮ್ಮೆ ಅವನ ಕೈಯಿಂದ ಕಾಫಿ ಲೋಟ ಹಾರಿ ಗೋಡೆಗೆ ಬಡಿಯಿತು. ಗಿಟಾರ್ ಬಾರಿಸಿದ್ದು ಅತಿಯಾಯಿತು ಎಂದು ಇಬ್ಬರೂ ನಕ್ಕರು. ಗ್ರಾಮಾಫೋನ್ ಕಂಪನಿಯವರು ಮಾದರಿಗೆಂದು ಎರಡೇ ತಟ್ಟೆ ಅಚ್ಚು ಹಾಕಿ ಕಳಿಸಿದರು. ಒಂದು ರಾಗ್ನಾಳ ಕಪಾಟು ಸೇರಿತು. ಇನ್ನೊಂದನ್ನು ಅವಳು ಸಿಗ್ವಾರ್ಟನಿಗೆ ಕಳಿಸಿದಳು.

ಜನವರಿಯಲ್ಲಿ ನಮ್ಮ ಕಣಿವೆಗೆ ಸೂರ್ಯ ಗುಡ್ಡದ ಮೇಲಿಂದ ಇಣುಕಿಯೂ ನೋಡುವುದಿಲ್ಲ. ಮಧ್ಯಾಹ್ನದ ಊಟಕ್ಕೇ ದೀಪ ಹಚ್ಚಿ ಕೂತಿದ್ದರು. ಗುನ್ನುಲ್ವನೂ ಬಂದಿದ್ದ. ಉಪ್ಪು ಹಾಕಿ ಒಣಗಿಸಿದ ಕುರಿಮಾಂಸ ಬೆಂದ ಹಬೆ ಕಿಟಕಿಯ ಗಾಜಿಗೆ ಹತ್ತಿತ್ತು. ಆಗ ಫೋನಿನಲ್ಲಿ ಸಿಗ್ವಾರ್ಟನ ಸಂದೇಶ ಬಂತು. ಪಾತ್ರೆ ಇಡೋಣ ಅಂತಲೇ ತೆಗೆದೆ, ಎಂದು ಬರೆದಿದ್ದ. ಇಷ್ಟು ವರ್ಷದಲ್ಲಿ ಇಂಥದ್ದನ್ನು ಕೇಳಿಲ್ಲ, ಕೊನೆಯ ಸುತ್ತಿನಲ್ಲಿದ್ದೇನೆ, ಮುಳ್ಳು ಎತ್ತಲು ಮನಸ್ಸೇ ಬರುತ್ತಿಲ್ಲ.

ರಾಗ್ನಾ ಅದನ್ನು ಗಟ್ಟಿಯಾಗಿ ಓದಿದಳು. ಅರ್ಧಕ್ಕೆ ನಿಲ್ಲಿಸಿ ಮತ್ತೆ ಮೊದಲಿಂದ ಓದಿದಳು. ಹಲ್ವಾರ್ ಕಣ್ಣೊರೆಸಿಕೊಂಡು ನಕ್ಕ. ಅವನು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ನಗುತ್ತಲೇ ಆಲೂಗಡ್ಡೆಗೆ ಕೈ ಚಾಚಿದ. ಕೈ ಅಲ್ಲಿಗೆ ಹೋಗಲಿಲ್ಲ. ಎದೆಯ ಮಟ್ಟಕ್ಕೆ ಏರಿ ನಿಂತಿತು. ಬೆರಳುಗಳು ಮಡಚಿಕೊಂಡು ಇಲ್ಲದ ಕಮಾನನ್ನು ಹಿಡಿದವು. ಆಮೇಲೆ ಗಾಳಿಯನ್ನು ತೀಡತೊಡಗಿದವು.

“ಸಾಕು ಕಣೋ, ಊಟ ಮಾಡು,” ಎಂದಳು ರಾಗ್ನಾ.

“ನಾನಲ್ಲ.” ಅವನ ಮುಖದಲ್ಲಿ ನಗು ಇನ್ನೂ ಆರಿರಲಿಲ್ಲ. “ರಾಗ್ನಾ, ನಾನು ಮಾಡ್ತಿಲ್ಲ ಕಣೇ.”

ಗುನ್ನುಲ್ವ್ ಎದ್ದು ಎರಡೂ ಕೈಯಿಂದ ಆ ತೋಳನ್ನು ಅದುಮಿ ಹಿಡಿದ. ಬಸ್ಸಿನ ಚಕ್ರ ಬಿಚ್ಚುವ ಕೈಗಳು ಅವು. ತೋಳು ಅವನನ್ನೂ ಎಳೆದುಕೊಂಡು ತೀಡಿತು. ಮೇಜು ಜರುಗಿತು, ಲೋಟಗಳು ಉರುಳಿದವು. ಒಂದೇ ಸಣ್ಣ ತಿರುವು. ಮತ್ತೆ ಅದೇ. ಮತ್ತೆ ಅದೇ. ಗುನ್ನುಲ್ವನ ಮುಖ ಬೂದಿಯಾಯಿತು.

“ಆ ಸದ್ದು ತೆಗೆದ್ಯಾ?” ಎಂದು ಕೇಳಿದ. ರಾಗ್ನಾ ಹೌದೆಂದು ತಲೆಯಾಡಿಸಿದಳು. “ಯಾರ ಮನೇಲಿ ತಿರುಗ್ತಿದೆ ಅದು? ಹೇಳು ತಾಯಿ, ಯಾರ ಮನೇಲಿ?”

ಸಿಗ್ವಾರ್ಟನ ಫೋನು ರಿಂಗಾಯಿತು, ಯಾರೂ ಎತ್ತಲಿಲ್ಲ. ಮನೆಯಲ್ಲಿದ್ದ ಪಿಟೀಲುಗಳ ತಂತಿಯನ್ನೆಲ್ಲ ಗುನ್ನುಲ್ವ್ ಕತ್ತರಿಸಿ ಹಾಕಿದ, ಏನೂ ಆಗಲಿಲ್ಲ. ಬರ್ಗೆನ್ನಿನ ಪೊಲೀಸರಿಗೆ ಹೇಳಿದರೆ, ಮನೆಯಲ್ಲಿ ಕೂತು ಹಾಡು ಕೇಳುವುದು ಅಪರಾಧವಲ್ಲ ಎಂದು ನಕ್ಕು ಫೋನಿಟ್ಟರು. ಡಾಕ್ಟರಮ್ಮ ಬಂದು ನಿದ್ದೆಯ ಸೂಜಿ ಕೊಟ್ಟಳು. ಹಲ್ವಾರ್ ಮಲಗಿದ, ಕೈ ಮಲಗಲಿಲ್ಲ. ಮಂಚಕ್ಕೆ ಕಟ್ಟಿದರು, ಮಂಚ ಕಿರುಗುಟ್ಟಿತು, ಅದೇ ತಿರುವಿನಲ್ಲಿ. ಈ ಎದೆಬಡಿತ ಹೀಗೇ ಓಡಿದರೆ ಹೃದಯ ತಡೆಯುವುದಿಲ್ಲ ಎಂದಳು ಡಾಕ್ಟರಮ್ಮ. ಹಿಮಗಾಳಿಯಲ್ಲಿ ಹೆಲಿಕಾಪ್ಟರ್ ಏಳುವ ಹಾಗಿರಲಿಲ್ಲ.

“ನಾನು ಇವನ ಹತ್ರ ಕೂತಿರ್ತೀನಿ, ನೀನು ಹೊರಡು,” ಎಂದ ಗುನ್ನುಲ್ವ್. “ಹೋಗಿ ಮುಳ್ಳು ಎತ್ತು. ಅದು ಬಿಟ್ಟು ಬೇರೆ ಕೆಲಸ ಇಲ್ಲ ಅಲ್ಲಿ. ಕಿವಿಗೆ ಏನಾದ್ರೂ ತುರುಕ್ಕೋ, ಎತ್ತು.”

ಹಲ್ವಾರ್ ಅರೆಗಣ್ಣು ತೆರೆದ. ತುಟಿ ಒಣಗಿತ್ತು. “ಅವನಿಗೆ ಇಷ್ಟ ಆಯ್ತಲ್ವಾ,” ಎಂದ. ಅವಳು ಅವನ ಹಣೆಗೆ ಮುತ್ತಿಟ್ಟು ಓಡಿದಳು.

ಬರ್ಗೆನ್ನಿನ ದಾರಿಯಲ್ಲಿ ಹೌಕೆಲಿ ಬೆಟ್ಟದ ರಸ್ತೆಗೆ ತಡೆಗಂಬ ಇಳಿಸಿದ್ದರು. ಹಿಮ ತಳ್ಳುವ ಬಂಡಿ ಬಂದ ಮೇಲೆ ಅದರ ಬೆನ್ನಿಗೇ ಸಾಲಾಗಿ ಹೋಗಬೇಕು. ನಡುರಾತ್ರಿಯಾದರೂ ಬಂಡಿ ಬರಲಿಲ್ಲ. ಅವಳು ಕಾರಿನಿಂದ ಇಳಿದಳು, ಹತ್ತಿದಳು, ಮತ್ತೆ ಇಳಿದಳು. ಲಾರಿಯವನೊಬ್ಬ ಕಾಫಿ ಬೇಕೇ ಎಂದು ಕೇಳಿದಾಗ ಅವನ ಮೇಲೆ ರೇಗಿದಳು. ಬಂಡಿ ಬಂತು. ಮುಂದೆ ಒಂದು ಕೆಂಪು ದೀಪ, ಸುತ್ತ ಬಿಳಿಯ ಗೋಡೆ. ದೀಪ ಮರೆಯಾಯಿತು. ಮತ್ತೆ ಕಂಡಿತು. ಸುರಂಗ. ಗಾಳಿ. ಇನ್ನೊಂದು ಸುರಂಗ. ಸ್ಟಿಯರಿಂಗ್ ಮೇಲೆ ಅವಳ ಬೆರಳು ತಾಳ ಹಾಕುತ್ತಿತ್ತು. ಅದನ್ನು ಕಂಡು ಬೆರಳನ್ನು ಕಚ್ಚಿಕೊಂಡಳು. ಬೇಗ. ಇನ್ನೂ ಬೇಗ. ಗಂಡನ ಎದೆ ಬಡಿಯುತ್ತಿರಲಿ, ಅಷ್ಟು ಸಾಕು.

ಬರ್ಗೆನ್ನಿನಿಂದ ಆಚೆ, ದಡದ ಕೊನೆಯಲ್ಲಿ, ಹಳೆಯ ದೋಣಿಮನೆಯೊಂದರಲ್ಲಿ ಸಿಗ್ವಾರ್ಟ್ ಒಬ್ಬನೇ ಇದ್ದ. ಅವಳು ಅಲ್ಲಿಗೆ ತಲುಪಿದಾಗ ಬೆಳಗಾಗುತ್ತಿತ್ತು. ಮಳೆ. ಡಾಂಬರಿನ ವಾಸನೆ, ಕೊಳೆತ ಕಡಲಪಾಚಿಯ ವಾಸನೆ. ಹಲಗೆಗಳು ಮಿಡಿಯುವುದು ದೂರದಿಂದಲೇ ಕೇಳುತ್ತಿತ್ತು. ಬಾಗಿಲಿಗೆ ಬೀಗವಿರಲಿಲ್ಲ; ಆತುರದಲ್ಲಿ ಕಿವಿಗೆ ಏನೂ ತುರುಕಿಕೊಳ್ಳದೆಯೇ ನುಗ್ಗಿದಳು.

ಒಳಗೆ ಮುಗ್ಗಲು, ಆರಿದ ಕಾಫಿ, ಮೂತ್ರ. ಕಿಟಕಿಯಾಚೆ ಬೂದು ಸಮುದ್ರ. ಸಿಗ್ವಾರ್ಟ್ ಕುರ್ಚಿಯಲ್ಲಿದ್ದ. ತುಟಿ ಬಿರುಕು ಬಿಟ್ಟಿತ್ತು, ಕಣ್ಣು ತೆರೆದಿತ್ತು. ಅವನ ಕೈ ಮುಳ್ಳಿನ ತೋಳಿನ ಮೇಲೆ, ಮುಟ್ಟಿಯೂ ಮುಟ್ಟದ ಹಾಗೆ, ನಡುಗುತ್ತ ನಿಂತಿತ್ತು. ಎಷ್ಟು ಹೊತ್ತಿನಿಂದಲೋ.

“ಎತ್ತಬೇಡಿ,” ಎಂದ. ಪಿಸುಮಾತು. “ಇನ್ನೊಂದೇ ಸುತ್ತು.”

ಅವಳು ಅವನ ಕೈಯನ್ನು ತಳ್ಳಿ ತನ್ನ ಕೈ ಚಾಚಿದಳು. ಆಗ ಅವಳಿಗೆ ಅದು ಕೇಳಿಸಿತು.

ಡೈರಿಯಲ್ಲಿ ಅವಳು ಅದನ್ನು ಹೀಗೆ ಕೇಳಿರಲೇ ಇಲ್ಲ. ಯಾವಾಗಲೂ ತುಂಡು ತುಂಡು, ಯಾವಾಗಲೂ ತಪ್ಪು ಹುಡುಕುತ್ತ. ಈಗ ಕೇಳಿದಳು. ಐವತ್ತು ಪಿಟೀಲು, ಐವತ್ತೂ ಹಲ್ವಾರನೇ. ಅವುಗಳ ಕೆಳಗೆ ಡ್ರಮ್ಮಿನ ಗುಡುಗು, ಮೇಲೆ ಅವನ ಹರಿದ ಕೂಗು. ಸೌದೆ ಒಡೆಯುತ್ತಿದ್ದ ಆ ಬೆನ್ನು ಅದರಲ್ಲಿತ್ತು. ನಕ್ಕವರೆಲ್ಲ ಅದರಡಿಯಲ್ಲಿ ಹೂತುಹೋಗಿದ್ದರು. ಚೆನ್ನಾಗಿತ್ತು. ಅಯ್ಯೋ, ಎಷ್ಟು ಚೆನ್ನಾಗಿತ್ತು. ಇನ್ನೊಮ್ಮೆ ಜನ್ಮದಲ್ಲಿ ಇಂಥದ್ದನ್ನು ತಾನು ಮಾಡಲಾರೆ ಎಂದು ಅವಳಿಗೆ ಗೊತ್ತಾಯಿತು. ಎತ್ತಿದ ಮೇಲೆ ಇದನ್ನು ಒಡೆದುಹಾಕಬೇಕು, ಇನ್ನು ಯಾರೂ ಇದನ್ನು ಕೇಳುವುದಿಲ್ಲ, ಅದೂ ಗೊತ್ತಿತ್ತು. ಹಾಗಾದರೆ ಒಂದು ಸುತ್ತು. ಒಂದು ಉಸಿರಿನಷ್ಟು ತಾನೆ. ಒಂದು ಉಸಿರಿಗೆ ಯಾರಿಗೇನಾಗುತ್ತದೆ?

ಒಂದು.

ಈಗ ಎತ್ತಬೇಕು. ಬೆರಳು ಮುಂದೆ ಹೋಯಿತು. ಈ ತಿರುವು ಮುಗಿಯಲಿ. ಇದು. ಇದಲ್ಲ, ಇದರ ಮುಂದಿನದು. ಈಗ.

ಎತ್ತಿದಳು.

ಮೌನ ಕಿವಿಗೆ ಹೊಡೆಯಿತು. ಸಿಗ್ವಾರ್ಟ್ ಕುರ್ಚಿಯಿಂದ ಜಾರಿ ನೆಲದ ಮೇಲೆ ಮುದುಡಿಕೊಂಡು, ಪೆಟ್ಟು ತಿಂದವನಂತೆ ಅಳತೊಡಗಿದ. ರಾಗ್ನಾ ತಟ್ಟೆಯನ್ನು ಮೊಣಕಾಲಿಗೆ ಒತ್ತಿ ಎರಡು ಹೋಳು ಮಾಡಿದಳು. ಮೈಯೆಲ್ಲ ಹಗುರಾಯಿತು. ಗೆದ್ದೆ ಎನ್ನಿಸಿತು. ಫೋನು ಹಚ್ಚಿದಳು. ಗುನ್ನುಲ್ವ್ ತಕ್ಷಣ ಎತ್ತಿಕೊಂಡ.

“ಎತ್ತಿದೆ ಮಾವ. ಈಗಷ್ಟೇ ಎತ್ತಿದೆ. ಮುರಿದೂ ಹಾಕಿದೆ. ಕೈ ನಿಂತಿತಾ?”



“ಈಗ ಎತ್ತಿದ್ಯಾ?” ಎಂದ ಗುನ್ನುಲ್ವ್. “ಕೈ ನಿಂತು ಬಹಳ ಹೊತ್ತಾಯ್ತಲ್ಲಮ್ಮಾ, ಎಷ್ಟು ಸಲ ಫೋನ್ ಮಾಡಿದೆ. ನಿಂತಾಗ, ನೀನು ತಲುಪಿದೆ ಅಂತ ಖುಷಿಪಟ್ಟೆ. ಜೋರಾಗಿ ನಕ್ಕೂಬಿಟ್ಟೆ. ಆಮೇಲೆ ಅವನ ಎದೆ ಮುಟ್ಟಿ ನೋಡಿದೆ.”

ರಾಗ್ನಾ ಕಿಟಕಿಯ ಕಡೆ ತಿರುಗಿದಳು. ಬೆಳಗ್ಗೆ ಒಳಗೆ ಬಂದಾಗ ಕಂಡಿದ್ದ ಬೂದು ಸಮುದ್ರ ಈಗ ಕಾಣುತ್ತಿರಲಿಲ್ಲ. ಹೊರಗೆ ಮತ್ತೆ ಕತ್ತಲಾಗಿತ್ತು.